ಇಳಿಸು ಅಂದರೆ ಯಾವುದನ್ನು?

ನಾನು ಹೋಗುವ ಹೊತ್ತಿಗೆ ದೋಣಿ ಮೂಗು ಮುಳುಗಿಸಿಕೊಂಡು ನಿಂತಿತ್ತು. ಹಿಂಭಾಗ ಲಾಕಿನ ಮೇಲಿನ ಗೇಟಿನ ಬುಡದಲ್ಲಿರುವ ಕಲ್ಲು ಹೊಸ್ತಿಲ ಮೇಲೆ ಸಿಕ್ಕಿಬಿದ್ದಿತ್ತು, ಮುಂಭಾಗ ನೀರಿನೊಳಗೆ. ಒಂದು ದಿಂಬು, ಬ್ರೆಡ್ಡಿನ ಪೊಟ್ಟಣ, ಮರದ ಊರುಗೋಲು ತೇಲುತ್ತಿದ್ದವು. ಲಯನಲ್ ಬ್ರಾಡ್ವೆಲ್‌ನ ಹೆಣವನ್ನು ಆಗತಾನೇ ದಂಡೆಗೆ ತಂದು ಕಂಬಳಿ ಹೊದಿಸಿದ್ದರು. ಬಲಗಾಲಿನ ಪ್ಲಾಸ್ಟರ್ ಕಂಬಳಿಯಿಂದ ಹೊರಗಿತ್ತು.

ಮೇಲಿನ ಕಾಲುವೆಯಿಂದ ಕೆಳಗಿನ ಕಾಲುವೆಗೆ ಇಳಿಯುವ ದೋಣಿ ಲಾಕು ಎಂಬ ಈ ಕಲ್ಲಿನ ತೊಟ್ಟಿಯೊಳಗೆ ಬಂದು ನಿಲ್ಲಬೇಕು. ಕೆಳಗಿನ ಗೇಟುಗಳ ತೂಬು ಎತ್ತಿದರೆ ನೀರು ಖಾಲಿಯಾಗುತ್ತದೆ, ನೀರಿನ ಜೊತೆ ದೋಣಿಯೂ ಇಳಿಯುತ್ತದೆ. ದೋಣಿಯ ಹಿಂಭಾಗ ಹೊಸ್ತಿಲಿಗೆ ತಾಗದಂತೆ ನೋಡಿಕೊಂಡರೆ ಮುಗಿಯಿತು. ಗೋಡೆಗೆ ಬಿಳಿ ಗೆರೆ ಬಳಿದಿರುವುದೂ ಅದಕ್ಕೇ. ಆದರೂ ವರ್ಷಕ್ಕೊಬ್ಬರು ಆ ಗೆರೆ ಮರೆಯುತ್ತಾರೆ, ನನಗೆ ಕೆಲಸ ಕೊಡುತ್ತಾರೆ. ಈ ಸಾರ್ಜೆಂಟ್ ಕ್ಲೆಮ್ ಹಾರ್ವುಡ್‌ಗೆ ಬೇರೇನು ಕೆಲಸ ಎಂದುಕೊಂಡಿರಬೇಕು.

ಚುಕ್ಕಾಣಿ ಹಿಡಿದಿದ್ದವಳು ಸತ್ತವನ ಹೆಂಡತಿ ಹೆಸ್ಟರ್. ಐವತ್ತೆಂಟರ ಹೆಂಗಸು. ಮೈಯೆಲ್ಲ ಒದ್ದೆ. ಕಣ್ಣಲ್ಲಿ ಮಾತ್ರ ನೀರಿಲ್ಲ.

"ಗೆರೆ ದಾಟಿ ಮುಂದೆ ನಿಲ್ಲಿಸಿದ್ರಾ?" ಎಂದೆ.

"ನಿಲ್ಲಿಸಿದ್ದೆ."

"ಮತ್ತೆ ಹಿಂದಕ್ಕೆ ಹೇಗೆ ಬಂತು?"

"ಲಯನಲ್ ಕರೀತಿದಾನೆ ಅಂತ ನನ್ನ ಮೈದುನ ಡೆಸ್ಮಂಡ್ ಕೆಳಗಿನ ಗೇಟಿಂದ ಕೂಗಿದ. ಇವರು ಮುಂದಿನ ಕೋಣೇಲಿ ಮಲಗಿದ್ರು, ಕಾಲು ಮುರ್ಕೊಂಡು. ಏನಾಯ್ತೋ ಅಂತ ಎಂಜಿನ್ ಗೇರು ಬಿಡಿಸಿ, ಒಳಗೆ ಬಗ್ಗಿ ಮಾತಾಡಿಸಿದೆ. ಅಷ್ಟರಲ್ಲಿ ದೋಣಿ ಹಿಂದಕ್ಕೆ ಸರಿದು ಕರ್ ಅಂತ ಸದ್ದು."

"ಆಮೇಲೆ?"

"ಇಳಿಸು, ಇಳಿಸು ಅಂತ ಕಿರುಚಿದೆ. ಒಂದು ನಿಮಿಷನೂ ಆಗಿರ್ಲಿಲ್ಲ, ಮುಂದಿನ ಬಾಗಿಲಲ್ಲಿ ನೀರು ನುಗ್ಗಿಬಿಡ್ತು." ಅವಳು ನನ್ನ ಪುಸ್ತಕದ ಕಡೆ ಕೈ ತೋರಿಸಿದಳು. "ಚುಕ್ಕಾಣಿ ನನ್ನ ಕೈಲಿತ್ತು ಸಾರ್ಜೆಂಟ್. ಕಣ್ಣು ತೆಗ್ದೋಳು ನಾನು. ನಾನೇ ಕೊಂದೆ. ಹಾಗೇ ಬರ್ಕೊಳ್ಳಿ."

ಡೆಸ್ಮಂಡ್ ರಾಯ್ಲ್ ಸತ್ತವನ ತಮ್ಮ — ತಾಯಿ ಒಬ್ಬಳೇ, ತಂದೆ ಬೇರೆ. ನಲವತ್ತೆರಡು ವಯಸ್ಸು, ಅಂಚೆ ಕಚೇರಿಯಲ್ಲಿ ಕೆಲಸ. ತೂಬು ಎತ್ತಿದ್ದು ಅವನು.

"ಇವತ್ತೇ ಸಾರ್ ನಾನು ಮೊದಲ್ನೇ ಸಲ ದೋಣಿ ಹತ್ತಿದ್ದು," ಎಂದ. "ಅತ್ತಿಗೆ ಇಳಿಸು ಅಂದ್ರು. ನೀರು ಇಳಿಸು ಅಂತಿದಾರೆ ಅಂದ್ಕೊಂಡೆ. ಬೇಗ ಇಳೀಲಿ ಅಂತ ಗೇಟಿನ ಮೇಲೆ ಓಡಿಹೋಗಿ ಆ ಕಡೆ ತೂಬನ್ನೂ ಎತ್ಬಿಟ್ಟೆ. ನಂಗೇನ್ ಸಾರ್ ಗೊತ್ತು?"

ಬೆನ್ನ ಹಿಂದೆ ಬೆಲ್ಟಿಗೆ ಸಿಕ್ಕಿಸಿಕೊಂಡಿದ್ದ ಕಬ್ಬಿಣದ ಹಿಡಿಕೆಯನ್ನು — ತೂಬು ತಿರುಗಿಸುವಂಥದ್ದು — ತೆಗೆದು ನನ್ನ ಕೈಗೆ ಕೊಟ್ಟು, ಹುಲ್ಲಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತ. ನನಗೂ ಅಯ್ಯೋ ಪಾಪ ಅನಿಸಿತು. ಈ ಕಾಲುವೆಯಲ್ಲಿ 'ಇಳಿಸು' ಎಂದರೆ ತೂಬು ಇಳಿಸು, ನೀರು ನಿಲ್ಲಿಸು ಎಂದರ್ಥ. ಹೊಸಬರಿಗೆ ಹೇಗೆ ತಿಳಿಯಬೇಕು? ನಾನೇ ಈ ಠಾಣೆಗೆ ಬಂದ ಹೊಸದರಲ್ಲಿ ಅದೇ ತಪ್ಪು ಮಾಡಿ, ಥರ್ಜಾ ಅಜ್ಜಿಯಿಂದ ಚೆನ್ನಾಗಿ ಮಂಗಳಾರತಿ ಮಾಡಿಸಿಕೊಂಡವನು.

ಥರ್ಜಾ ಹ್ಯಾಂಬ್ರಿಜ್‌ಗೆ ಎಂಬತ್ತು. ಕಲ್ಲಿದ್ದಲು ಸಾಗಿಸುವ ದೋಣಿಯಲ್ಲಿ ಹುಟ್ಟಿ, ದೋಣಿಯಲ್ಲೇ ಮದುವೆಯಾಗಿ, ಈಗ ಲಾಕಿನ ಪಕ್ಕದ ಮನೆಯಲ್ಲಿದ್ದಾಳೆ. ಆ ದಿನ ಕಿರುಚಾಟ ಕೇಳಿ ತನ್ನ ಹಿಡಿಕೆ ಹಿಡಿದು ಓಡಿಬಂದು ತೂಬು ಇಳಿಸಿದವಳೂ ಅವಳೇ. ಅಷ್ಟರಲ್ಲಿ ತಡವಾಗಿತ್ತು. ಮರುದಿನ ಚಹಾಕ್ಕೆ ಬಾ ಎಂದು ಹೇಳಿಕಳಿಸಿದಳು. ಅವಳು ಕರೆದರೆ ಚಹಾಕ್ಕಲ್ಲ ಎಂದು ನನಗೆ ಗೊತ್ತು. ಆದರೂ ಹೋದೆ.

"ವರದಿ ಬರ್ದಾಯ್ತಾ ಕ್ಲೆಮ್?"

"ಬರ್ದೆ. ಅಜಾಗರೂಕತೆಯಿಂದ ಸಾವು. ಹೆಸ್ಟರ್ ಮೇಲೆ ಕೇಸಾಗತ್ತೆ."

"ಜೈಲಾ?"

"ಆಗ್ಬೋದು. ಆಕೇನೇ ಬೇಕು ಅಂತಿದಾಳೆ ಅಜ್ಜಿ. ವಕೀಲರೂ ಬೇಡವಂತೆ. ನಾನೇ ಕೊಂದೆ, ನಾನೇ ಕೊಂದೆ — ಅದೊಂದೇ ಮಾತು."

"ನಿನ್ನ ಪುಸ್ತಕ ಓದು."

"ಅದು ಪೊಲೀಸ್ ಪುಸ್ತಕ. ಹಾಗೆಲ್ಲ ಓದಿ ಹೇಳಕ್ಕಾಗಲ್ಲ."

"ಸರಿ ಬಿಡು. ಕೇಕ್ ವಾಪಸ್ ಇಡು."

ಓದಿದೆ. ಮೊದಲಿಂದ ಕೊನೆಯವರೆಗೆ. ಅವಳು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು. ನಿದ್ದೆ ಹೋದಳೇನೋ ಎಂದುಕೊಳ್ಳುವಷ್ಟರಲ್ಲಿ ಕೈ ಎತ್ತಿದಳು.

"ಆ ಕೊನೇ ಸಾಲು ಇನ್ನೊಂದ್ಸಲ."

ಮತ್ತೆ ಓದಿದೆ.

"ನೀನೇ ನೋಡಿದೀಯ, ನೀನೇ ಬರ್ದಿದೀಯ, ಈಗ ಎರಡು ಸಲ ನೀನೇ ಓದಿದೀಯ. ಇನ್ನೂ ಕಾಣ್ತಿಲ್ವಲ್ಲೋ."

"ಏನು ಕಾಣ್ಬೇಕು?"

"ಅದಿರ್ಲಿ. ಎಲ್ಲಿಗೆ ಹೊರಟಿದ್ರಂತೆ ಇವರು?"

"ಬ್ರಿನ್ಸ್‌ಫರ್ಡ್‌ಗೆ. ಕತ್ಬರ್ಟ್ ಲ್ಯಾಂಬ್ ಅಂತ ಯಾರನ್ನೋ ನೋಡಕ್ಕೆ. ಯಾಕೆ ಅಂತ ಹೆಂಡತಿಗೂ ಗೊತ್ತಿಲ್ಲ. ಮುರಿದ ಕಾಲಲ್ಲೂ ಗಂಡ ಹಟ ಹಿಡಿದು, ಬರಲ್ಲ ಅಂದ ತಮ್ಮನನ್ನೂ ಹೊರಡಿಸಿದ್ನಂತೆ."

ಅಜ್ಜಿ ಬಟ್ಟಲು ಕೆಳಗಿಟ್ಟಳು. "ಲ್ಯಾಂಬನ ಹೆಂಡತಿ ಸತ್ತಿದ್ದು ಹೇಗೆ ಗೊತ್ತಾ? ಇಪ್ಪತ್ತೆರಡು ವರ್ಷದ ಹಿಂದೆ. ಬಾಡಿಗೆ ದೋಣಿ, ಹೊಸ್ತಿಲಿಗೆ ಸಿಕ್ಕಿ ಮುಳುಗ್ತು. ಚುಕ್ಕಾಣೀಲಿ ಲ್ಯಾಂಬ್ ಇದ್ದ. ಅವನದೇ ತಪ್ಪು ಅಂತ ತೀರ್ಪಾಯ್ತು. ಅವತ್ತಿಂದ ಮನುಷ್ಯ ಮನೆ ಬಿಟ್ಟು ಹೊರಗೆ ಬರ್ತಿಲ್ಲ. ಆ ಕಡತ ತರಿಸು. ನಾಡಿದ್ದು ಬೆಳಿಗ್ಗೆ ಇಬ್ಬರನ್ನೂ ಲಾಕಿಗೆ ಕರ್ಕೊಂಡು ಬಾ."

"ಯಾಕೆ ಅಂತ ಹೇಳ್ಬಾರ್ದಾ?"

"ಹೇಳಿದ್ರೆ ನಿನ್ನ ಮುಖದಲ್ಲಿ ಎಲ್ಲಾ ಕಾಣತ್ತೆ."

ಗೊಣಗಿಕೊಂಡೇ ಕಡತ ತರಿಸಿದೆ. ಓದಿದ ಮೇಲೆ ಗೊಣಗುವುದು ನಿಂತಿತು.

ಶುಕ್ರವಾರ ಬೆಳಿಗ್ಗೆ ನಾಲ್ವರೂ ಲಾಕಿನ ಕೆಳಗಿನ ಗೇಟಿನ ಬಳಿ ನಿಂತೆವು. ದೋಣಿಯನ್ನು ಎತ್ತಿ ಸಾಗಿಸಿದ್ದರು. ತೊಟ್ಟಿಯ ತುಂಬ ನೀರಿತ್ತು. ಹೆಸ್ಟರ್ ನೀರಿನ ಕಡೆ ನೋಡಲಿಲ್ಲ.

ಅಜ್ಜಿ ಹಿಡಿಕೆಯನ್ನು ಡೆಸ್ಮಂಡ್‌ನ ಕೈಗೆ ಕೊಟ್ಟಳು. "ಅವತ್ತು ಹೇಗೆ ಮಾಡಿದ್ಯೋ ಹಾಗೇ ತೋರ್ಸಪ್ಪ."

ಅವನು ಹಿಡಿಕೆಯನ್ನು ಕಂಬದ ತಿರುಗಣಿಗೆ ತಡವರಿಸುತ್ತಲೇ ಹಾಕಿದ. ತಿರುಗಿಸಿದ. ತೂಬು ಮೇಲೆದ್ದಿತು, ಅದನ್ನು ತಡೆದು ಹಿಡಿಯುವ ಕೊಂಡಿ ಟಕ್ ಎಂದು ಬಿತ್ತು. ಕೈ ಬಿಟ್ಟು ಪಕ್ಕಕ್ಕೆ ನಿಂತ. ಹಿಡಿಕೆ ತಿರುಗಣಿಯ ಮೇಲೇ ಇತ್ತು.

"ಇಷ್ಟೇನಾ?"

"ಇಷ್ಟೇ ಅಜ್ಜಿ."

"ಹಿಡಿಕೆ ಅಲ್ಲೇ ಬಿಟ್ಟೆಯಾ ಅವತ್ತೂ?"

"ಹೊಸಬ ಅಲ್ವಾ ನಾನು. ಇನ್ನೇನು ಮಾಡ್ಬೇಕಿತ್ತು?"

"ಏನಿಲ್ಲ," ಎಂದು ಅಜ್ಜಿ ಮುಂದೆ ಹೋಗಿ ಕೊಂಡಿಯ ಮೇಲೆ ಸುಮ್ಮನೆ ಒಂದು ಬೆರಳಿಟ್ಟಳು.

ಡೆಸ್ಮಂಡ್ ಎರಡು ಮಾರು ಹಿಂದಕ್ಕೆ ಹಾರಿದ. ತೋಳು ಮುಖಕ್ಕೆ ಅಡ್ಡ ಬಂದಿತ್ತು. ಅವನಿಗಿಂತ ಹತ್ತಿರ ನಿಂತಿದ್ದ ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ.

"ನೋಡ್ದ್ಯಾ ಕ್ಲೆಮ್? ನೀನು ಹೊಸಬ. ಅದಕ್ಕೇ ನಿಂತಲ್ಲೇ ನಿಂತೆ." ಅಜ್ಜಿ ಹಿಡಿಕೆ ಬಿಡಿಸಿಕೊಂಡಳು. "ಕೊಂಡಿ ಜಾರಿದ್ರೆ ತೂಬು ಧಡ್ ಅಂತ ಬೀಳತ್ತೆ, ಹಿಡಿಕೆ ಗರಗರ ತಿರುಗಿ ಹಾರತ್ತೆ. ನಮ್ಮಪ್ಪನ ದವಡೆ ಮುರಿದಿದ್ದು ಹಾಗೇನೇ. ಅದಕ್ಕೇ ನಾವು ತೂಬು ಎತ್ತಿದ ತಕ್ಷಣ ಹಿಡಿಕೆ ಬಿಡಿಸಿ ಬೆನ್ನ ಹಿಂದೆ ಬೆಲ್ಟಿಗೆ ಸಿಕ್ಕಿಸ್ಕೋತೀವಿ. ಗೇಟಿನ ಮೇಲೆ ದಾಟಕ್ಕೆ ಎರಡು ಕೈ ಬೇಕಲ್ಲ. ಯೋಚನೆ ಮಾಡಿ ಮಾಡೋದಲ್ಲ ಇದು, ಕೈಯೇ ಮಾಡತ್ತೆ. ಅವತ್ತು ಓಡಿಬಂದು ನೋಡ್ತೀನಿ, ಎರಡು ತೂಬೂ ಎತ್ತಿದೆ, ಎರಡರಲ್ಲೂ ಹಿಡಿಕೆ ಇಲ್ಲ. ಎಲ್ಲಿ ಹೋಯ್ತು ಅಂದ್ಕೊಂಡೆ. ಓದು ಕ್ಲೆಮ್."

ಓದಿದೆ. ನನ್ನದೇ ಅಕ್ಷರ, ನನ್ನದೇ ದಡ್ಡತನ. "ಬೆನ್ನ ಹಿಂದಿನ ಬೆಲ್ಟಿನಿಂದ ಹಿಡಿಕೆ ತೆಗೆದು ಒಪ್ಪಿಸಿದ."

"ಹೆಸ್ಟರ್, ಬೆಲ್ಟಿಗೆ ಸಿಕ್ಕಿಸ್ಕೋ ಅಂತ ನೀನೇನಾದ್ರೂ ಹೇಳ್ಕೊಟ್ಟಿದ್ಯಾ ತಾಯಿ?"

"ಇಲ್ಲ." ಹೆಸ್ಟರ್ ಮೊದಲ ಬಾರಿಗೆ ತಲೆ ಎತ್ತಿದಳು. "ತಿರುಗಿಸೋದು, ಕೊಂಡಿ ಹಾಕೋದು. ಅಷ್ಟೇ ಹೇಳಿದ್ದು. ಅದು ಅವನ ಮೊದಲ್ನೇ ಲಾಕು."

"ಮೊದಲ್ನೇದಲ್ಲ. ಇವತ್ತು ಪುರುಸೊತ್ತಾಗಿ ಹೊಸಬನ ಹಾಗೆ ಆಡಿ ತೋರಿಸ್ದ. ಅವತ್ತು ಆಡಕ್ಕೆ ಪುರುಸೊತ್ತಿರ್ಲಿಲ್ಲ."

"ಯಾವ ಕಾಲದಲ್ಲೋ ದೋಣಿ ಹತ್ತಿದ್ರೆ ಅದು ಕೊಲೆನಾ?" ಡೆಸ್ಮಂಡ್‌ನ ಧ್ವನಿ ಬದಲಾಗಿತ್ತು.

ಈಗ ನನ್ನ ಸರದಿ. ಕಡತದ ಹಾಳೆ ತೆಗೆದೆ. "ಲ್ಯಾಂಬ್ ಅವರ ಹೆಂಡತಿ ಸಾವಿನ ವಿಚಾರಣೆ. ಸಾಕ್ಷಿ, ದೋಣಿ ಬಾಡಿಗೆಯವರ ಆಳು, ವಯಸ್ಸು ಇಪ್ಪತ್ತು. ಹೆಸರು ಡೆಸ್ಮಂಡ್ ರಾಯ್ಲ್. 'ಚುಕ್ಕಾಣಿ ಹಿಡಿದವರು ಏನೂ ಕೂಗಲಿಲ್ಲ' ಅಂತ ಪ್ರಮಾಣ ಮಾಡಿ ಹೇಳಿದೀಯ. ನಿಜಾನಾ?"

ಅವನು ತೂಬಿನಿಂದ ಹೊರಗೆ ಹೋಗುತ್ತಿದ್ದ ನೀರನ್ನು ನೋಡಿದ.

"ಆಗ ನಾನು ಕೆಲಸಕ್ಕೆ ಸೇರಿ ಒಂಬತ್ತು ದಿನ," ಎಂದ. "ಲ್ಯಾಂಬ್ ಇಳಿಸು ಅಂದ್ರು. ದೇವರಾಣೆ, ಅವತ್ತು ನಿಜವಾಗ್ಲೂ ನೀರು ಇಳಿಸು ಅಂತಲೇ ತಿಳ್ಕೊಂಡೆ. ತೂಬನ್ನ ಇನ್ನೂ ಎತ್ತಿದೆ. ಆಮೇಲೆ ಹೆದರಿಕೆಯಾಗಿ, ಯಾರೂ ಕೂಗ್ಲೇ ಇಲ್ಲ ಅಂದ್ಬಿಟ್ಟೆ. ಬಿಟ್ಟು ಓಡಿಹೋದ್ರೆ ಅನುಮಾನ ಬರತ್ತೆ ಅಂತ ಮೂರು ಬೇಸಿಗೆ ಅಲ್ಲೇ ಕೆಲಸ ಮಾಡಿದೆ. ಲಯನಲ್‌ಗೆ ಒಬ್ಬನಿಗೇ ಹೇಳಿದ್ದೆ. ಇಷ್ಟು ವರ್ಷ ಸುಮ್ನಿದ್ದೋನು, ಈಗ ಲ್ಯಾಂಬ್ ಮುಂದೆ ನಿಂತು ನೀನೇ ಹೇಳು, ಇಲ್ಲಾಂದ್ರೆ ನಾನು ಹೇಳ್ತೀನಿ ಅಂದ."

"ಅದೇ ತಪ್ಪನ್ನ ಈ ಸಲ ಬೇಕು ಅಂತ ಮಾಡಿದೆ," ಎಂದಳು ಅಜ್ಜಿ. "ಒಂದ್ಸಲ ನಿಜವಾಗಿ ಆಗಿದ್ದು. ಯಾರು ಬೇಕಾದ್ರೂ ನಂಬ್ತಾರೆ. ಸಾರ್ಜೆಂಟೂ ನಂಬಿದ."

ಹೆಸ್ಟರ್ ಅವನ ಎದುರಿಗೆ ಬಂದು ನಿಂತಳು. "ಲಯನಲ್ ನನ್ನ ಕರೆದ್ರಾ?"

ಅವನು ನೆಲ ನೋಡಿದ.

"ಕೇಳಿದ್ದಕ್ಕೆ ಹೇಳು ಡೆಸ್ಮಂಡ್. ಕರೆದ್ರಾ?"

"ಇಲ್ಲ. ನಿದ್ದೆ ಮಾಡ್ತಿದ್ದ."

ಅವಳು ಗೇಟಿನ ಉದ್ದನೆಯ ತೊಲೆಯ ಮೇಲೆ ಕುಸಿದು ಕೂತಳು. "ಆದ್ರೂ ಕಣ್ಣು ತೆಗ್ದೋಳು ನಾನೇ ಅಲ್ವಾ ಅಜ್ಜಿ?"

"ತೆಗೆದೆ. ಅವನು ತೆಗೆಸಿದ. ಆದರೆ ನೀನು ಇಳಿಸು ಅಂದಾಗ ಇನ್ನೂ ಹೊತ್ತಿತ್ತು ತಾಯಿ. ತೂಬು ಇಳಿಸಿದ್ರೆ ದೋಣಿ ಉಳೀತಿತ್ತು. ಅವನಿಗೆ ಕೇಳಿಸ್ತು, ಅರ್ಥಾನೂ ಆಯ್ತು. ಗೊತ್ತಿದ್ದೇ ಇನ್ನೊಂದು ತೂಬು ಎತ್ತಿದ."

ಮೂರು ದಿನದಿಂದ ಅಳದ ಹೆಂಗಸು ಆಗ ಅತ್ತಳು. ನಾನು ಡೆಸ್ಮಂಡ್‌ನ ಕೈಗೆ ಬೇಡಿ ಹಾಕಿ ಠಾಣೆಗೆ ಕಳಿಸಿದೆ. ನನ್ನ ವರದಿಯನ್ನು ಹರಿದು ಹಾಕಿದೆ. ಅದನ್ನು ಅಜ್ಜಿಗೆ ಹೇಳಲಿಲ್ಲ.

ಮಧ್ಯಾಹ್ನ ಹೆಸ್ಟರ್ ಠಾಣೆಗೆ ಬಂದು ತನ್ನನ್ನು ಬ್ರಿನ್ಸ್‌ಫರ್ಡ್‌ಗೆ, ಲ್ಯಾಂಬ್ ಮನೆಗೆ ಕರೆದೊಯ್ಯಿರಿ ಎಂದಳು. ಗಂಡ ಹೊರಟಿದ್ದ ಕೆಲಸ ಅರ್ಧಕ್ಕೆ ನಿಂತಿದೆಯಂತೆ. ಇಬ್ಬರೂ ಕಾರಿನಲ್ಲಿ ಹೊರಟೆವು.

ಬಾಗಿಲು ತೆರೆದದ್ದು ಬಡಕಲು ಮುದುಕ. ಸ್ವೆಟರಿನ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದ. ನನ್ನ ಸಮವಸ್ತ್ರ ನೋಡಿ ಹೆದರಿದ. ಹೆಸ್ಟರ್ ಹೊಸ್ತಿಲಾಚೆಯೇ ನಿಂತು, ತಾನು ಯಾರು, ಏನಾಯಿತು ಎಂಬುದನ್ನು ಹೇಳಿದಳು. ಡೆಸ್ಮಂಡ್‌ನ ಹೆಸರು ಕೇಳಿದಾಗ ಮುದುಕ ಬಾಗಿಲಿನ ಚೌಕಟ್ಟು ಹಿಡಿದುಕೊಂಡ.

"ಕೂಗಿದ್ದೆ ಅಂತ ಮೊದಮೊದ್ಲು ಎಲ್ಲರ ಹತ್ರಾನೂ ಹೇಳ್ತಿದ್ದೆ," ಎಂದ. "ಯಾರೂ ನಂಬ್ಲಿಲ್ಲ. ಆಮೇಲಾಮೇಲೆ ನನಗೇ ಅನುಮಾನ ಬಂತಮ್ಮ. ಬಾಯಿ ತೆರೆದೆ, ಆದರೆ ಸ್ವರ ಬಂತೋ ಇಲ್ವೋ. ನಾನೇ ಅವಳನ್ನ ಕೊಂದೆ ಅಂದ್ಕೊಂಡೇ ಇಷ್ಟು ವರ್ಷ ಕಳೆದೆ."

"ಕೂಗಿದ್ರಿ," ಎಂದಳು ಹೆಸ್ಟರ್. "ಅವನಿಗೆ ಕೇಳಿಸಿತ್ತು. ಅವನೇ ಇವತ್ತು ಒಪ್ಕೊಂಡಿದಾನೆ."

ಮುದುಕ ಅವಳ ಮುಖವನ್ನೇ ನೋಡುತ್ತ ನಿಂತ. ಆಮೇಲೆ ಮೆಲ್ಲಗೆ ಕೇಳಿದ. "ಮತ್ತೆ ನೀವು?"

"ನಾನೂ ಕೂಗಿದ್ದೆ," ಎಂದಳು.