ಗಿಡ್ಡ ಮಾಡುವ ಕೋಣೆ

"ಅಕ್ಕಾ, ನೀರು ಬಂತು! ನೀರು ಬಂತು!"

ಬಾಲ ಹಾಸಿಗೆಯ ಮೇಲೆ ನಿಂತು ಕುಣಿಯುತ್ತಿದ್ದ. ಅಡುಗೆಮನೆಯಲ್ಲಿ ಅಮ್ಮ ಸುರಿದ ನೀರು ಮೋರಿಯ ಕಡೆ ತಿರುಗಿಯೂ ನೋಡಿರಲಿಲ್ಲ. ಬಾಗಿಲು ದಾಟಿ, ಹಾಲ್‌ನ ಗೋಡೆಯಂಚು ಹಿಡಿದು, ಕರೆದ ನೆಂಟರ ಹಾಗೆ ಸೀದಾ ಮಲಗುವ ಕೋಣೆಗೆ ಬಂದಿತ್ತು.

ಯಾಕಮ್ಮ ಸ್ಕೂಲ್ ಬ್ಯಾಗನ್ನು ಮಂಚದ ಮೇಲೆಸೆದು ಬಟ್ಟೆ ತರಲು ಓಡಿದಳು.

ಅವಳ ನಿಜವಾದ ಹೆಸರು ಅದಲ್ಲ. ಮಾತೆತ್ತಿದರೆ "ಯಾಕೆ?" ಅನ್ನುತ್ತಾಳೆಂದು ಅಪ್ಪ ಇಟ್ಟ ಹೆಸರು. ನಾಲ್ಕು ವರ್ಷದ ತಮ್ಮ ಅಕ್ಕ ಹೋದಲ್ಲೆಲ್ಲ ಹಿಂದೆ ಹೋಗುತ್ತಾನೆ. ಹಾಗಾಗಿ ಅವನು ಬಾಲ.

ಅಪ್ಪ ತೀರಿಕೊಂಡು ಎಂಟು ದಿನವಾಗಿತ್ತು. ಬಿಚ್ಚಿಟ್ಟ ರೇಡಿಯೊ ಮುಂದೆ ಕೂತಿದ್ದವನು ಹಾಗೆಯೇ ಗೋಡೆಗೆ ಒರಗಿದ್ದ. ಹೃದಯ ಎಂದರು ಡಾಕ್ಟರ್. ಅಂತ್ಯಕ್ರಿಯೆಗೆ ಬಂದ ನೆಂಟರೆಲ್ಲ ನಿನ್ನೆ ಸಂಜೆ ಬಸ್ಸು ಹತ್ತಿದ್ದರು. ಇವತ್ತು ಮೊದಲ ಸಲ ಮನೆಯಲ್ಲಿ ಮೂವರೇ.

ಯಾಕಮ್ಮ ನೆಲ ಒರೆಸಿ ಬಟ್ಟೆ ಹಿಂಡಿದಳು. ಅಮ್ಮ ಪೊರಕೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಬೈಯಲಿಲ್ಲ. "ಜಾರೀಯಾ" ಅನ್ನಲೂ ಇಲ್ಲ.

ಫೋನ್ ಬಂತು. ಮಾವ. ಅವರು ಫೋನಿನಲ್ಲಿ ಮಾತಾಡಿದರೆ ಫೋನೇ ಬೇಕಿರಲಿಲ್ಲ, ಅಷ್ಟು ಜೋರು.

"ಭಾನುವಾರ ವ್ಯಾನ್ ತರ್ತೀನಿ. ಸಾಮಾನು ಕಟ್ಟಿಡು. ಗುರುತು ಪರಿಚಯ ಇಲ್ಲದ ಊರಲ್ಲಿ ಎರಡು ಮಕ್ಕಳನ್ನ ಕಟ್ಕೊಂಡು ಏನು ಮಾಡ್ತೀಯ? ನಮ್ಮನೆ ಇಲ್ವಾ?"

"ಹೂಂ," ಅಂದಳು ಅಮ್ಮ.

ಎಂಟು ದಿನದಿಂದ ಅಮ್ಮ ಎಲ್ಲದಕ್ಕೂ "ಹೂಂ" ಅನ್ನುತ್ತಿದ್ದಳು. ಊಟ ಮಾಡ್ತೀಯಾ? ಹೂಂ. ಮಾಡುತ್ತಿರಲಿಲ್ಲ. ಹಾಗಾಗಿ ಈ "ಹೂಂ" ಹೌದೋ ಅಲ್ಲವೋ ಯಾಕಮ್ಮನಿಗೆ ತಿಳಿಯಲಿಲ್ಲ.

ಮಾವನ ಮನೆ ಒಳ್ಳೆಯದೇ. ಅತ್ತೆಯೂ ಒಳ್ಳೆಯವರೇ. ಆದರೆ ಅಲ್ಲಿ ಅಪ್ಪ ಯಾವಾಗಲೂ ನೆಂಟ. ಕುರ್ಚಿಯ ತುದಿಯಲ್ಲಿ ಕೂತು ಟೀ ಕುಡಿಯುತ್ತಿದ್ದ. ಅಪ್ಪ ಕಾಲು ಚಾಚಿ ಕೂತದ್ದು ಈ ಮನೆಯಲ್ಲಿ.

ಅಮ್ಮನಿಗೆ ಇಲ್ಲಿಯ ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಸಿಕ್ಕಿದಾಗ, "ಅಲ್ಲಿ ನೀನೇನು ಮಾಡ್ತೀಯ?" ಎಂದು ಕೇಳಿದವರಿಗೆಲ್ಲ ಅಪ್ಪ, "ಕೆಟ್ಟುಹೋದ ರೇಡಿಯೊ ಎಲ್ಲ ಊರಲ್ಲೂ ಇರುತ್ತೆ," ಅಂದಿದ್ದ. ಹನ್ನೊಂದು ಮನೆ ನೋಡಿದ್ದರು. ಒಂದಕ್ಕೆ ಕಿಟಕಿ ಇಲ್ಲ. ಒಂದರಲ್ಲಿ ಮಕ್ಕಳು ಕೂಡದು. ಇನ್ನೊಂದರಲ್ಲಿ ರೇಡಿಯೊ ಸದ್ದು ಕೂಡದು. ಹನ್ನೆರಡನೆಯದು ಇದು. ಮೇಲೆ ಮನೆಯೊಡತಿ ಅಜ್ಜಿ, ಕೆಳಗೆ ಇವರು.

ಎಲ್ಲರಿಗೂ ಹಿಡಿಸಿತ್ತು, ಯಾಕಮ್ಮನೊಬ್ಬಳನ್ನು ಬಿಟ್ಟು. ದಿನಾ ಬೆಳಗ್ಗೆ ಅವಳ ಚಪ್ಪಲಿ, ಪುಸ್ತಕ, ಹೊದಿಕೆಯ ತುದಿ, ಎಲ್ಲ ಒದ್ದೆ. "ಈ ಮನೆ ಬೇಡ! ಇದು ಓರೆ ಮನೆ!" ಎಂದು ಅಪ್ಪನ ಮೇಲೆ ಕೂಗಾಡಿದ್ದಳು. ಅದಾದ ಎರಡನೆಯ ದಿನವೇ ಅಪ್ಪ ಹೋದ. ಈಗ "ಇಲ್ಲೇ ಇರೋಣ" ಅನ್ನಲು ಅವಳಿಗೆ ಯಾವ ಬಾಯಿ?

ನೀರು ಮಂಚದ ಅಡಿಗೂ ಹೋಗಿತ್ತು. ಮಂಚ ಸರಿಸಿದಾಗ ಗೋಡೆಯ ಮೇಲೆ ಅದು ಕಂಡಿತು. ಪೆನ್ಸಿಲಿನ ಪುಟ್ಟ ಗೆರೆ. ಕೆಳಗೆ ಅಪ್ಪನ ಅಕ್ಷರದಲ್ಲಿ ಒಂದು ಸಂಖ್ಯೆ: 103.

"ಅಕ್ಕಾ, ಇಲ್ಲೂ ಇದೆ!" ಹಾಲ್‌ನಿಂದ ಬಾಲ ಕೂಗಿದ. ಬಾಗಿಲ ಪಕ್ಕ ಅಂಥದ್ದೇ ಗೆರೆ. ಅಲ್ಲಿ 100. ಗೆರೆ ಸರಿಯಾಗಿ ಬಾಲನ ನೆತ್ತಿಗೆ ತಾಗುತ್ತಿತ್ತು.

"ಅಪ್ಪ ನನ್ನ ಹೈಟ್ ನೋಡಿದ್ದು!" ಬಾಲ ಎದೆಯುಬ್ಬಿಸಿದ. "ಇಲ್ಲಿ ನೂರು. ಅಲ್ಲಿ ನೂರ ಮೂರು. ಮಲಗೋ ರೂಮಿಗೆ ಹೋದ್ರೆ ನಾನು ಉದ್ದ ಆಗ್ತೀನಿ!"

ಯಾಕಮ್ಮನಿಗೆ ಚುರುಕ್ಕೆಂದಿತು. ಬಾಲನನ್ನು ಮಾತ್ರ ಅಳೆದಿದ್ದಾನೆ. ತನ್ನನ್ನು ಯಾಕೆ ಅಳೆಯಲಿಲ್ಲ? ಕೂಗಾಡಿದ್ದಕ್ಕೆ ಸಿಟ್ಟು ಬಂದಿತ್ತಾ?

"ಬಾ, ನಿಲ್ಲು ಇಲ್ಲಿ," ಎಂದು ತಮ್ಮನನ್ನು ಮಲಗುವ ಕೋಣೆಯ ಗೆರೆಗೆ ಒತ್ತಿ ನಿಲ್ಲಿಸಿದಳು. ಗೆರೆ ಅವನ ತಲೆಯಿಂದ ಎರಡು ಬೆರಳು ಮೇಲಿತ್ತು.

ಬಾಲ ಕತ್ತೆತ್ತಿ ನೋಡಿದ. ಓಡಿ ಹೋಗಿ ಹಾಲ್‌ನಲ್ಲಿ ನಿಂತ. ತಲೆಗೆ ಸರಿ. ಓಡಿ ಬಂದು ಕೋಣೆಯಲ್ಲಿ ನಿಂತ. ತಲೆಗೆ ಎಟುಕದು. ಅವನ ತುಟಿ ನಡುಗಿತು.

"ಅಮ್ಮಾ! ಈ ರೂಮು ನನ್ನ ಗಿಡ್ಡ ಮಾಡ್ತು!"

ಅಮ್ಮ ಬಂದಳು. ಗೆರೆಯ ಮೇಲೆ ಒಂದು ಬೆರಳಿಟ್ಟಳು. ಇಟ್ಟ ಬೆರಳು ತೆಗೆಯಲಿಲ್ಲ.

"ಇದ್ಯಾವಾಗ ಬರೆದ?" ಅಂದಳು, ಗೋಡೆಯನ್ನು ಕೇಳುವ ಹಾಗೆ. ಆಮೇಲೆ, "ಸ್ಕೂಲಿಗೆ ಹೊತ್ತಾಯ್ತು, ಹೋಗು."

ಕ್ಲಾಸಿನಲ್ಲಿ ಟೀಚರ್ ಭಿನ್ನರಾಶಿ ಹೇಳಿಕೊಡುತ್ತಿದ್ದರು. ಯಾಕಮ್ಮ ನೋಟ್‌ಬುಕ್ಕಿನ ಹಿಂಬದಿಯಲ್ಲಿ 100, 103 ಎಂದು ಬರೆಯುತ್ತಾ, ಹೊಡೆದುಹಾಕುತ್ತಾ ಕೂತಳು. ಸಂಜೆ ಮನೆಗೆ ಬಂದವಳೇ ಗೋಡೆ ಗೋಡೆ ಹುಡುಕಿದಳು. ಕಿಟಕಿ ಹತ್ತಿರ 101. ಕಪಾಟಿನ ಪಕ್ಕ 102. ಅಡುಗೆಮನೆಯಲ್ಲಿ ಮಾತ್ರ ಒಂದೂ ಇಲ್ಲ. ಅಲ್ಲಿ ಬಾಗಿಲ ಹಿಂದಿನ ಮೊಳೆಗೆ, ಸುರುಳಿ ಸುತ್ತಿದ ತೆಳ್ಳನೆಯ ಪೈಪ್ ನೇತಾಡುತ್ತಿತ್ತು. ಒಳಗಿನದೆಲ್ಲ ಕಾಣುವಂಥ ಪೈಪ್. ಒಳಗೆ ನೀರು, ಎರಡೂ ಬಾಯಿಗೆ ಬಿರಡೆ.

ಮೆಟ್ಟಿಲ ಮೇಲೆ ಕೂತಿದ್ದ ಅಜ್ಜಿಯನ್ನು ಕೇಳಿದಳು.

"ಅದಾ? ಪಕ್ಕದ ಬೀದೀಲಿ ಮನೆ ಕಟ್ಟಿಸ್ತಿದಾರಲ್ಲ, ಅಲ್ಲಿ ಮೇಸ್ತ್ರೀದು. ನಿಮ್ಮಪ್ಪ ಎರಡು ದಿನಕ್ಕೆ ಅಂತ ಕೇಳಿ ತಂದಿದ್ದ. ಒಂದು ತುದಿ ನನ್ನ ಕೈಲಿ ಕೊಟ್ಟು ಆ ಕೋಣೆಗೆ ಹೋದ. 'ನಿಂತ್ತಾ ಅಜ್ಜಿ? ನಿಂತ್ತಾ ಅಜ್ಜಿ?' ಅಂತ ಕೂಗಾಟ. ಆಗಿಂದ ನಿಂತೇ ಇದೀನಲ್ಲೋ ಮಾರಾಯ ಅಂದೆ! ಅವನು ಕೇಳಿದ್ದು ನೀರನ್ನಂತೆ." ಅಜ್ಜಿ ನಗಲು ಹೋಗಿ ಸೆರಗಿನಿಂದ ಮೂಗು ಒರೆಸಿಕೊಂಡರು. "ಕೈ ಬಿದ್ದುಹೋಯ್ತು ಅಂದೆ. 'ಸರಿ ಅಜ್ಜಿ, ಅಡುಗೆಮನೆ ನಾಳೆ' ಅಂದ."

ಯಾಕಮ್ಮ ಬಾಲನ ಕೈ ಹಿಡಿದು ಪಕ್ಕದ ಬೀದಿಗೆ ಹೋದಳು. ಮೇಸ್ತ್ರಿ ಕರಣೆ ತೊಳೆಯುತ್ತಿದ್ದರು. ಅವರ ಮೀಸೆಯ ಮೇಲೂ ಸಿಮೆಂಟಿತ್ತು.

"ಮಾಮ, ನಿಮ್ಮ ಪೈಪ್ ನಮ್ಮನೇಲಿದೆ."

"ಗೊತ್ತು ಮಗಳೇ. ನಾಳೆ ಕೆಲಸಕ್ಕೂ ಬೇಕು. ಆದ್ರೆ ಸಾವಾದ ಮನೆ ಬಾಗಿಲು ತಟ್ಟಿ, ಪೈಪ್ ಕೊಡಿ ಅನ್ನೋದು ಹೇಗೆ?" ಅವಳನ್ನು ಒಂದು ಗಳಿಗೆ ನೋಡಿದರು. "ಯಾಕಮ್ಮ ಅಂದ್ರೆ ನೀನೇನಾ?"

"ನಿಮಗೆ ಹೇಗೆ ಗೊತ್ತು?"

"ಇದೇ ಮರಳಿನ ಮೇಲೆ ಕೂತು ಅರ್ಧ ಗಂಟೆ ನಿನ್ನ ಪ್ರಶ್ನೆಗಳನ್ನೇ ಹೇಳಿದ್ರು ನಿಮ್ಮಪ್ಪ. ನಕ್ಕೂ ನಕ್ಕೂ, ಕಲಸಿಟ್ಟ ಗಾರೆ ಅಲ್ಲೇ ಗಟ್ಟಿಯಾಯ್ತು."

ಯಾಕಮ್ಮ ಕಾಲಿನಿಂದ ಮರಳು ಕೆದಕಿದಳು. "ಆ ಮನೆ ಬೇಡ ಅಂತ ಕೂಗಾಡಿದ್ದು ನಾನೇ."

"ಅದನ್ನೂ ಹೇಳಿದ್ರು."

"ಸಿಟ್ಟಲ್ಲಿ?"

"ಸಿಟ್ಟಾ? ನಿನ್ನ ಮೆರವಣಿಗೆ ಮಾಡೋದೊಂದು ಬಾಕಿ, ಅಷ್ಟು ಹೆಮ್ಮೆ! 'ಮನೆ ನೋಡೋಕೆ ಹೋದಾಗ ನಾನು ಗೋಡೆ ನೋಡಿದೆ, ಅವಳಮ್ಮ ಕಿಟಕಿ ನೋಡಿದ್ಲು. ನೆಲ ಸರಿಯಿಲ್ಲ ಅಂತ ಕಂಡಿದ್ದು ನನ್ನ ಮಗಳೊಬ್ಬಳಿಗೇ' ಅಂದ್ರು. ಎಲ್ಲಿ ಎಷ್ಟು ಓರೆ ಅಂತ ಅಳೆದು ಕೊಟ್ರೆ, ನೆಲ ನಾನು ಸರಿಮಾಡ್ಕೊಡ್ತೀನಿ ಅಂದಿದ್ದೆ."

ಯಾಕಮ್ಮನ ಕಣ್ಣ ಮುಂದೆ ಮರಳೆಲ್ಲ ಕಲಸಿಹೋಯಿತು. ಒರೆಸಿಕೊಂಡು ಹೇಳಿದಳು, "ಅಡುಗೆಮನೆ ಅಳೆದಿಲ್ಲ ಮಾಮ. ಅದೊಂದು ಬಾಕಿ."

ಮೇಸ್ತ್ರಿ ಕರಣೆ ಕೆಳಗಿಟ್ಟರು. "ನಡಿ ಹಾಗಾದ್ರೆ."

ಮನೆಗೆ ಬಂದವರೇ ಮೇಸ್ತ್ರಿ ಪೈಪಿನ ಎರಡೂ ಬಿರಡೆ ತೆಗೆದು ಯಾಕಮ್ಮನ ಕೈಗೆ ಕೊಟ್ಟರು. "ಜೋಪಾನ. ಹಿಡಿಯೋಕೆ ಇಬ್ಬರು ಬೇಕು. ತಾಯೀ, ನೀವು ಹಾಲ್‌ನ ಗೆರೆ ಹತ್ತಿರ ಬನ್ನಿ. ನೀರು ಗೆರೆಗೆ ಬರೋ ಹಾಗೆ ಹಿಡೀರಿ, ಅಷ್ಟೇ."

ಅಮ್ಮ "ಹೂಂ" ಅನ್ನಬಹುದಿತ್ತು. ಏನೂ ಅನ್ನದೆ ಬಂದು ಪೈಪಿನ ತುದಿ ಹಿಡಿದಳು.

ಇನ್ನೊಂದು ತುದಿ ಹಿಡಿದು ಯಾಕಮ್ಮ ಅಡುಗೆಮನೆಯಲ್ಲಿ, ಮೋರಿಯ ಪಕ್ಕ ನಿಂತಳು. ಪೈಪ್ ನೆಲದ ಮೇಲೆ ಬಿದ್ದು, ಬಾಗಿಲು ಸುತ್ತಿ, ಆಚೆ ಮರೆಯಾಗಿತ್ತು. ಕೈಯಲ್ಲಿದ್ದ ತುದಿಯಲ್ಲಿ ನೀರು ಜಿಗಿಯಿತು. ಕುಸಿಯಿತು. ಮತ್ತೆ ಜಿಗಿಯಿತು.

"ಗೆರೆಗೆ ಬಂತು," ಗೋಡೆಯಾಚೆಯಿಂದ ಅಮ್ಮ ಹೇಳಿದಳು. ಆಮೇಲೆ ಜೋರಾಗಿ, "ನಿಂತ್ತಾ?"

ಎಂಟು ದಿನದಲ್ಲಿ ಅಮ್ಮನ ದನಿ ಇಷ್ಟು ದೂರ ಬಂದದ್ದು ಇದೇ ಮೊದಲು.

"ಇನ್ನೂ ಇಲ್ಲ!"

ನೀರಿನ ಓಲಾಟ ಕಡಿಮೆಯಾಯಿತು. ಒಂದು ಬೆರಳಷ್ಟು. ಒಂದು ಅಕ್ಕಿಕಾಳಿನಷ್ಟು. ಒಂದು ಕೂದಲಿನಷ್ಟು. ಯಾಕಮ್ಮ ಉಸಿರು ಬಿಗಿಹಿಡಿದಳು.

"ನಿಂತ್ತು!"

ಮೇಸ್ತ್ರಿ ಕಿವಿಯಿಂದ ಪೆನ್ಸಿಲ್ ತೆಗೆದು ಗೋಡೆಗೆ ಗೆರೆ ಹಾಕಿದರು. "ನೋಡು. ನಿಮ್ಮಮ್ಮನ ಹತ್ತಿರ ನೀರು ಎಷ್ಟು ಎತ್ತರಕ್ಕೆ ನಿಂತಿದೆಯೋ, ಇಲ್ಲೂ ಅಷ್ಟೇ ಎತ್ತರಕ್ಕೆ ನಿಂತಿದೆ. ಒಂದು ಕೂದಲು ಹೆಚ್ಚಿಲ್ಲ, ಒಂದು ಕೂದಲು ಕಡಿಮೆ ಇಲ್ಲ."

ಯಾಕಮ್ಮ ನೀರನ್ನು ನೋಡಿದಳು. ಗೋಡೆ ನೋಡಿದಳು. ಗೋಡೆಯಾಚೆ ಅಮ್ಮ. ನಡುವೆ ಇಟ್ಟಿಗೆ, ಬಾಗಿಲು, ಪಾತ್ರೆಯ ಬುಟ್ಟಿ. ನೀರಿಗೆ ಕಣ್ಣಿಲ್ಲ, ಕಿವಿಯಿಲ್ಲ. ಆ ತುದಿ ಎಲ್ಲಿ ನಿಂತಿದೆ ಎಂದು ಈ ತುದಿಗೆ ಹೇಗೆ ಗೊತ್ತು?

"ಯಾಕೆ ಮಾಮ? ಯಾಕೆ ಹಾಗೇ ನಿಲ್ಲುತ್ತೆ?"

ಎಂಟು ದಿನದಿಂದ ಅವಳು ಯಾರನ್ನೂ ಯಾಕೆ ಎಂದು ಕೇಳಿರಲಿಲ್ಲ.

ಮೇಸ್ತ್ರಿ ಮೀಸೆ ಕೆರೆದರು. "ಪುಸ್ತಕದಲ್ಲಿ ಏನಿದೆಯೋ ನಂಗೊತ್ತಿಲ್ಲ ಮಗಳೇ. ಮೂವತ್ತು ವರ್ಷದಿಂದ ಹಿಡೀತಿದೀನಿ, ಒಂದು ದಿನ ತಪ್ಪಿಲ್ಲ. ಈಗಲೂ ಒಂದೊಂದು ಸಲ ಕೆಲಸ ಬಿಟ್ಟು ಸುಮ್ನೆ ನೋಡ್ತಾ ನಿಂತಿರ್ತೀನಿ."

ಗೆರೆಯಿಂದ ನೆಲಕ್ಕೆ ಟೇಪು ಇಳಿಬಿಟ್ಟರು. "ತೊಂಬತ್ತೇಳು! ಹಾಲ್ ನೂರು, ಆ ಕೋಣೆ ನೂರ ಮೂರು. ಭೇಷ್! ಮೋರಿಯನ್ನ ಗುಡ್ಡದ ಮೇಲೆ ಕೂರಿಸಿ ನೀರಿಗೆ ಹತ್ತು ಅಂದ್ರೆ ಹತ್ತುತ್ತಾ?"

ಆಗ ಯಾಕಮ್ಮನಿಗೆ ತಟ್ಟನೆ ಹೊಳೆಯಿತು. "ಬಾಲಾ, ನೀನು ಗಿಡ್ಡ ಆಗಿಲ್ವೋ! ಗೆರೆಗಳೆಲ್ಲ ಒಂದೇ ಎತ್ತರ. ಅಲ್ಲಿ ನೆಲ ಕೆಳಗೆ ಹೋಗಿದೆ!"

ಬಾಲ ಯೋಚಿಸಿದ. ಓಡಿ ಬಂದು ಮೋರಿಯ ಪಕ್ಕ ನೆಟ್ಟಗೆ ನಿಂತ. ತಲೆ ಗೆರೆಯನ್ನು ದಾಟಿತ್ತು. "ಹಾಗಾದ್ರೆ ನಾನು ಇಲ್ಲೇ ಇರ್ತೀನಿ!" ಎಂದು ಸಾರಿದ.

ಅಮ್ಮ ಬಾಗಿಲಿಗೆ ಬಂದಿದ್ದಳು. ಅವಳ ತುಟಿಯಂಚು ಸ್ವಲ್ಪ ಅಲುಗಿತು. ನಗು ಎನ್ನಲಾಗದು, ಅಲ್ಲ ಎನ್ನಲೂ ಆಗದು.

ಅಜ್ಜಿ ಮೆಟ್ಟಿಲಿಳಿದು ಬಂದರು. "ಸಿಮೆಂಟಿನ ಖರ್ಚು ನಂದು. ಆದ್ರೆ ನೋಡಮ್ಮ, ಮಾತು ಮಾತೇ. ಭಾನುವಾರ ಬಿಟ್ಟು ಹೋಗೋರಿಗೆ ನಾನ್ಯಾಕೆ ನೆಲ ಮಾಡಿಸ್ಲಿ?"

ಎಲ್ಲರೂ ಅಮ್ಮನನ್ನು ನೋಡಿದರು. ಅಮ್ಮ ನೆಲ ನೋಡಿದಳು.

ಯಾಕಮ್ಮ ಒಂದು ಹೆಜ್ಜೆ ಮುಂದೆ ಬಂದಳು. ಈಗ ಹೇಳದಿದ್ದರೆ ಇನ್ನು ಯಾವಾಗ?

"ಅಮ್ಮ, ಈ ಮನೆ ಬೇಡ ಅಂದಿದ್ದೆನಲ್ಲ, ಬೇಕು. ಮಾವನ ಮನೇಲಿ ಅಪ್ಪ ಬರೀ ನೆಂಟ."

ಅಮ್ಮ ಅವಳ ತಲೆಯ ಮೇಲೆ ಕೈಯಿಟ್ಟಳು. ಕೈ ತಣ್ಣಗೆ ಒದ್ದೆಯಾಗಿತ್ತು.

"ಮೇಸ್ತ್ರಿಯವರೇ," ಅಂದಳು ಅಮ್ಮ, "ಎಷ್ಟು ದಿನ ಬೇಕು?"

"ಅಡುಗೆಮನೆ ನೆಲ ಅಗೆದು ಮೋರಿ ಕಡೆ ತಗ್ಗಿಸೋಕೆ ಎರಡು ದಿನ ಕೆಲಸ. ಮೂರು ದಿನ ಒಣಗೋಕೆ ಬಿಡಬೇಕು. ಯಾರೂ ಕಾಲಿಡಕೂಡದು." ಮೇಸ್ತ್ರಿ ಬಾಲನ ಕಡೆ ಕಣ್ಣು ಬಿಟ್ಟರು. "ಅದರಲ್ಲೂ ಉದ್ದ ಇರೋರು."

"ಸೋಮವಾರ ಶುರುಮಾಡಿ."

ಆಮೇಲೆ ಅಮ್ಮ ತಾನೇ ಫೋನ್ ತೆಗೆದುಕೊಂಡಳು. "ಅಣ್ಣಾ, ವ್ಯಾನ್ ಬೇಡ. ಬಸ್ಸಲ್ಲೇ ಬಾ... ಇಲ್ಲ, ಯೋಚನೆ ಮಾಡಿಯೇ ಹೇಳ್ತಿದೀನಿ. ಅಡುಗೆಮನೆ ಸಾಮಾನೆಲ್ಲ ಎತ್ತಿಡಬೇಕು. ನೀನು ಬಂದ್ರೆ ನಂಗೆ ಸಹಾಯ."

ಮಾವನ ದನಿ ಮೊದಲ ಬಾರಿಗೆ ಫೋನಿನ ಹೊರಗೆ ಕೇಳಿಸಲಿಲ್ಲ.

ಮರುದಿನ ಬೆಳಗ್ಗೆ ಮೂವರೂ ಒಟ್ಟಿಗೆ ಹೊರಟರು. ಯಾಕಮ್ಮ ಸ್ಕೂಲಿಗೆ, ಬಾಲ ಶಿಶುವಿಹಾರಕ್ಕೆ, ಅಮ್ಮ ಲೈಬ್ರರಿಗೆ. ಆದರೆ ಮೊದಲು ಪಕ್ಕದ ಬೀದಿಗೆ. ತಾನೇ ತಂದುಕೊಡುತ್ತೇನೆಂದು ಹಟ ಹಿಡಿದು ಉಳಿಸಿಕೊಂಡಿದ್ದ, ಮತ್ತೆ ಬಿರಡೆ ಹಾಕಿದ ಪೈಪಿನ ಸುರುಳಿ ಯಾಕಮ್ಮನ ಹೆಗಲ ಮೇಲಿತ್ತು. ನಡೆದಾಗ ಒಳಗೆ ನೀರು ಮೆಲ್ಲಗೆ ತೂಗುವುದು ಕತ್ತಿಗೆ ತಿಳಿಯುತ್ತಿತ್ತು.

ಹೊಸ ಮನೆಗೆ ಇನ್ನೂ ಗೋಡೆ ಇರಲಿಲ್ಲ. ಬರೀ ಕಂಬಗಳು, ನಡುವೆ ಆಕಾಶ. ಅವಳು ಸುರುಳಿಯನ್ನು ಮೇಸ್ತ್ರಿಯ ಕೈಗೆ ಕೊಟ್ಟಳು.

"ಮಾಮ, ಒಳಗಿನ ನೀರು ಚೆಲ್ತೀರಾ?"

"ಯಾಕೆ ಚೆಲ್ಲಲಿ? ನಿಮ್ಮಪ್ಪ ಕೂತು ತುಂಬಿದ್ದು. ಒಂದು ಗಾಳಿಗುಳ್ಳೆ ಇದ್ರೂ ಇದು ಸುಳ್ಳು ಹೇಳುತ್ತೆ. ನೋಡು, ಒಂದೂ ಇಲ್ಲ."

ಯಾಕಮ್ಮ ಬಿರಡೆಗಳನ್ನು ತೆಗೆದಳು. ಮೇಸ್ತ್ರಿ ಒಂದು ತುದಿಯನ್ನು ಗಾರೆ ಕಲಸುತ್ತಿದ್ದ ಕೆಲಸದವಳ ಕೈಗೆ ಕೊಟ್ಟು, ಇನ್ನೊಂದನ್ನು ಹಿಡಿದು ದೂರದ ಕಂಬದತ್ತ ನಡೆದರು. ಪೈಪ್ ಮರಳಿನ ಮೇಲೆ, ಇಟ್ಟಿಗೆಗಳ ಮೇಲೆ ಉದ್ದಕ್ಕೂ ಬಿಚ್ಚಿಕೊಂಡಿತು.

"ಈ ಮನೆ ಯಾರದ್ದು?" ಬಾಲ ಕೇಳಿದ.

"ಬರೋರದ್ದು," ಅಂದಳು ಕೆಲಸದವಳು.

ಎರಡು ತುದಿಯಲ್ಲೂ ನೀರು ಏರಿತು, ಇಳಿಯಿತು. ಎಲ್ಲರೂ ಕಾದರು. ಲೈಬ್ರರಿಗೆ ಹೊತ್ತಾಗಿದ್ದರೂ ಅಮ್ಮ ಕಾದಳು. ನೀರು ನಿಂತಿತು. ಮೇಸ್ತ್ರಿ ಕಂಬಕ್ಕೆ ಮೊದಲ ಗೆರೆ ಹಾಕಿದರು. ಆ ಗೆರೆಯ ಬುಡದಲ್ಲಿ ಒಂದು ದಿನ ಯಾರದೋ ಮಂಚ ಬರುತ್ತದೆ, ಯಾರದೋ ಚಪ್ಪಲಿ ಬರುತ್ತದೆ. ಒದ್ದೆಯಾಗುವುದಿಲ್ಲ.

ಯಾಕಮ್ಮ ಇಟ್ಟಿಗೆಗಳನ್ನು ದಾಟಿಕೊಂಡು ಮೇಸ್ತ್ರಿಯ ಹತ್ತಿರ ಹೋದಳು. ಮುಷ್ಟಿ ಬಿಚ್ಚಿದಳು.

"ಬಿರಡೆ, ಮಾಮ. ಇವೂ ನಿಮ್ಮವೇ."