ಏಣಿ ಹತ್ತಿದ ಗುಂಡುಗಳು

ದಾಖಲೆ ಗುಮಾಸ್ತ ಗುರಿಕಾಗದವನ್ನು ಅಳತೆಯಮ್ಮನ ಮೇಜಿನ ಮೇಲೆ ಹರಡಿದ. ಹತ್ತು ಗುಂಡಿಗೆ ಹತ್ತು ತೂತು. ಮೊದಲ ಮೂರು ಒಂದು ನಾಣ್ಯದಡಿ ಅಡಗುವಷ್ಟು ಹತ್ತಿರ. ಉಳಿದ ಏಳು ಏಣಿ ಹತ್ತಿದಂತೆ ನೆಟ್ಟಗೆ ಮೇಲೇರಿದ್ದವು.

"ಅಮ್ಮಾ, ನೀವೇ ಗತಿ. ತಪ್ಪು ಬಂದೂಕಿನ ಮರದ್ದೇ ಅಂತ, ಸಂಜೆ ಐದಕ್ಕೆ ಮರದ ಕೆಲಸದವಳನ್ನ ಮನೆಗೆ ಕಳಿಸ್ತಾರಂತೆ. ಮತ್ತೆ ಬರೋದೇ ಬೇಡ ಅಂತ."

ಅಳತೆಯಮ್ಮ ಕನ್ನಡಕ ಏರಿಸಿದರು. ಬಂದೂಕು ಕಾರ್ಖಾನೆಯ ಅಳತೆ ಕೋಣೆ ಅವರದು. ಕಳೆದುಹೋದ ಊಟದ ಡಬ್ಬಿಯಿಂದ ಹಿಡಿದು ಮುರಿದ ಯಂತ್ರದವರೆಗೆ ಎಲ್ಲ ಗುಟ್ಟೂ ಕೊನೆಗೆ ಅವರ ಮೇಜಿಗೇ ಬರುತ್ತಿತ್ತು.

ಸೇನೆಗಾಗಿ ಹೊಸ ಸ್ನೈಪರ್ ಬಂದೂಕು ರೂಪಿಸಲು ನಾಲ್ಕು ವರ್ಷ ಹಿಡಿದಿತ್ತು. ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಂಬ ಅಗುಳಿ ಎಳೆದು ತಳ್ಳಬೇಕು. ದಪ್ಪ ನಳಿಗೆಯನ್ನು ಮರ ಹಿಂಬದಿಯಲ್ಲಿ ಮಾತ್ರ ಹಿಡಿದಿತ್ತು. ಮುಂದೆಲ್ಲ ಎರಡರ ನಡುವೆ ಕೂದಲೆಳೆಯಷ್ಟು ಸಂದು. ಆ ಸಂದಿನಲ್ಲಿ ಕಾಗದದ ಪಟ್ಟಿ ಸರಾಗವಾಗಿ ಹಾಯಬೇಕು ಎಂಬುದು ಅಲ್ಲಿನ ಪದ್ಧತಿ. ಸೋಮವಾರ ಹಾದಿತ್ತು, ಗುಮಾಸ್ತನೇ ಸಹಿ ಹಾಕಿದ್ದ. ಇಂದು, ಬುಧವಾರ ಬೆಳಿಗ್ಗೆ, ಬಂದೂಕು ಹೊಸ ಮರದ ಪೆಟ್ಟಿಗೆಯಲ್ಲಿ ಬಂದಾಗ ಸೇನೆಯವರು ಕಾಯುತ್ತಿದ್ದರೆಂದು ಯಾರೂ ಮತ್ತೆ ಪಟ್ಟಿ ಹಾಯಿಸಿ ನೋಡಲಿಲ್ಲ. ಆ ತಪ್ಪು ತನ್ನದೇ ಎಂದು ಅವನಿಗೆ ಅನ್ನ ಇಳಿದಿರಲಿಲ್ಲ.

"ಗುಂಡು ಹಾರಿಸಿದ ಗುರಿಕಾರನದೇ ಕೈವಾಡ ಇರಬೇಕು," ಎಂದ. "ಹಳೇ ಬಂದೂಕೇ ಚಿನ್ನ ಅಂತಿದ್ದ."

"ಕೈ ತಪ್ಪಿದ್ರೆ ಗುಂಡು ದಿಕ್ಕಾಪಾಲಾಗುತ್ತಪ್ಪ. ಹೀಗೆ ಸಾಲಾಗಿ ಮೇಲಕ್ಕೆ ಹೋಗಲ್ಲ. ಬಂದೂಕು ತಾ, ಕಾಗದದ ಪಟ್ಟಿನೂ ಕೊಡು."

ಸಂದಿನಲ್ಲಿ ತೂರಿಸಿದ ಕಾಗದ ಮರದ ತುದಿಯ ಬಳಿ ಹೋಗಿ ಗಕ್ಕನೆ ನಿಂತಿತು. ಅಳತೆಯಮ್ಮ ತಿರುಪು ಬಿಚ್ಚಿ, ನಳಿಗೆ ಎತ್ತಿ, ಉಗುರಗಲದ ಮರದ ಚಕ್ಕೆಯೊಂದನ್ನು ಅಂಗೈಗೆ ತೆಗೆದುಕೊಂಡರು. ಮೂಸಿದರು. "ಅಗಸೆ ಎಣ್ಣೆ, ಮರಕ್ಕೆ ಹೊಳಪು ಕೊಡೋದು," ಎಂದು ನಕ್ಕರು. "ನಾಲ್ಕು ಗಂಟೆಗೆ ಎಲ್ಲರನ್ನೂ ಕರಿ. ಪೆಟ್ಟಿಗೆ ತಾತನನ್ನೂ."

ಪೆಟ್ಟಿಗೆ ತಾತ ಮರದ ಕೆಲಸದವಳ ಅಪ್ಪ. ಮೂವತ್ತು ವರ್ಷ ಹಳೆಯ ಸೇನಾ ಬಂದೂಕುಗಳಿಗೆ ಮರ ಕೂರಿಸಿ, ನಿವೃತ್ತನಾದ ಮೇಲೂ ಪೆಟ್ಟಿಗೆ ಮಾಡಲು ಬರುತ್ತಿದ್ದ. ಉಳಿ ಹಿಡಿಯುವುದನ್ನು ಮಗಳಿಗೆ ಕಲಿಸಿದವನೂ ಅವನೇ.

ನಾಲ್ಕಕ್ಕೆ ಪರೀಕ್ಷಾ ಕೊಠಡಿ ತುಂಬಿತು. ಮಗಳು ಗೋಡೆಗೊರಗಿ ನಿಂತಿದ್ದಳು, ಕಣ್ಣು ಕೆಂಪಾಗಿತ್ತು.

"ಮರ ಸೊಟ್ಟಗಾಗಿದೆ, ಇನ್ನೇನು ಪತ್ತೆ?" ಎಂದರು ಮುಖ್ಯ ಇಂಜಿನಿಯರ್.

"ಮರ ನೆಟ್ಟಗಿದೆ ಸಾರ್," ಎಂದು ಅಳತೆಯಮ್ಮ ಚಕ್ಕೆಯನ್ನು ಎತ್ತಿ ತೋರಿಸಿದರು. " ನಳಿಗೆ ತಣ್ಣಗಿದ್ದಾಗ ಮೂರು ಗುಂಡು ಸರಿ ಬಿತ್ತು. ಕಾದ ಮೇಲೆ ಈ ಚಕ್ಕೆ ಅದನ್ನ ಕೆಳಗಿಂದ ಒತ್ತಿ ಮೇಲಕ್ಕೆ ತಳ್ತು."

"ಅಂದ್ರೆ ಯಾರೋ ಬೇಕಂತ ಕೆಡಿಸಿದ್ದಾರೆ!" ಎಂದ ಗುರಿಕಾರ.

"ಕೆಡಿಸೋಕೆ ಬಂದೋನು ಮರದ ಎಳೆ ಹೊಂದಿಸಿ, ಅಂಚು ಉಜ್ಜಿ, ಎಣ್ಣೆ ಹಚ್ಚಿ ಒರೆಸ್ತಾನಾ? ಇದು ಸರಿಪಡಿಸೋ ಕೈ. ಹಳೇ ಬಂದೂಕಲ್ಲಿ ಮರದ ತುದಿ ನಳಿಗೆಯನ್ನ ಒತ್ತಲೇಬೇಕಿತ್ತು. ಸಂದು ಬಿಟ್ಟೋನಿಗೆ ಬೈಗುಳ ಬೀಳ್ತಿತ್ತು. ಸೋಮವಾರಕ್ಕೂ ಬುಧವಾರಕ್ಕೂ ನಡುವೆ, ಪೆಟ್ಟಿಗೆ ಅಳತೆಗೆ ಅಂತ ಬಂದೂಕು ಒಬ್ಬರ ಹತ್ರ ಇತ್ತು."

ತಾತ ನಿಧಾನವಾಗಿ ಎದ್ದ. "ನಾನೇ ತಾಯಿ. ಸಂದು ಕಾಣಿಸ್ತು. ಮಗಳು ಎಡವಿದ್ದಾಳೆ, ಸೇನೆಯವರ ಮುಂದೆ ಮಾನ ಹೋಗುತ್ತೆ ಅಂತ ಮುಚ್ಚಿದೆ. ಇವತ್ತು ಗುಂಡು ದಾರಿ ತಪ್ಪಿತು ಅಂದಾಗ, ಅಯ್ಯೋ, ಚಕ್ಕೆ ಇನ್ನೊಂಚೂರು ದಪ್ಪ ಇಡಬೇಕಿತ್ತು ಅಂತ ಕೊರಗ್ತಾ ಕೂತಿದ್ದೆ."

"ಅಪ್ಪಾ! ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

"ಕೇಳಿದ್ರೆ ನಿಂಗೆ ನೋವಾಗ್ತಿತ್ತಲ್ಲ ಮಗಳೇ."

ಚಕ್ಕೆಯಿಲ್ಲದ ಬಂದೂಕನ್ನು ಗುರಿಕಾರ ಮತ್ತೆ ಹೆಗಲಿಗೇರಿಸಿದ. ಗುಮಾಸ್ತ ಒಂದೊಂದಾಗಿ ಎಣಿಸಿದ. ಹತ್ತೂ ತೂತುಗಳು ಅವನ ಎರಡು ಬೆರಳಿನಡಿ ಮುಚ್ಚಿಹೋದವು. ಇಂಜಿನಿಯರ್ ಮರದ ಕೆಲಸದವಳ ಬಳಿ ಬಂದು, "ನಾನು ದುಡುಕಿಬಿಟ್ಟೆ ಕಣಮ್ಮ. ಮನಸ್ಸಿಗೆ ಹಚ್ಚಿಕೋಬೇಡ," ಎಂದರು.

ಅವಳು ಮೂಗೊರೆಸಿಕೊಂಡು ಅಪ್ಪನ ಕಡೆ ತಿರುಗಿದಳು. "ನಾಳೆ ಎಂಟಕ್ಕೆ ನನ್ನ ಮೇಜಿಗೆ ಬಾ. ಈ ಬಂದೂಕಿನ ಪಾಠ ಮೊದಲಿಂದ ಹೇಳಿಕೊಡ್ತೀನಿ."

"ಬೈಯಲ್ಲ ತಾನೆ?"

"ನೀನು ನಂಗೆ ಬೈದಷ್ಟೇ ಬೈತೀನಿ."

"ಅಷ್ಟೊಂದಾ?" ತಾತನ ಮುಖ ಅರಳಿತು. "ಹಾಗಾದ್ರೆ ಏಳೂವರೆಗೇ ಬರ್ತೀನಿ."