ಬೋಲಿನ್‌ನ ನಾಲ್ಕನೇ ಇಸಿಜಿ

"ಅಂಗಿ ಬಿಚ್ಚಿ."

"ಈಗಲೇನಾ?"

"ಇಲ್ಲ, ಮುಂದಿನ ವರ್ಷ! ಬೇಗ ಬಿಚ್ರೀ, ಹೊರಗೆ ಇನ್ನೂ ಹದಿನಾಲ್ಕು ಜನ ಕೂತಿದ್ದಾರೆ."

ಯಿಂಗ್‌ಜು ತಲೆ ಎತ್ತದೆಯೇ ಗದರಿದಳು. ಕಾವೋಶುಂಗ್ ಬಂದರಿನ ದಡದ ಆ ಸಣ್ಣ ಆಸ್ಪತ್ರೆಯಲ್ಲಿ ಅವಳು ಇಸಿಜಿ ತೆಗೆಯಲು ಶುರುಮಾಡಿ ಆರು ವರ್ಷ. ಗಂಡಸಿನ ಎದೆ ಎಂದರೆ ಅವಳ ಪಾಲಿಗೆ ಆರು ರಬ್ಬರ್ ಬುಗ್ಗೆಗಳನ್ನು ಕೂರಿಸುವ ಜಾಗ, ಅಷ್ಟೇ.

ಆದರೆ ಈ ಸಲ ತಲೆ ಎತ್ತಿದವಳು ಒಂದು ಬುಗ್ಗೆಯನ್ನು ಕೈಜಾರಿಸಿಬಿಟ್ಟಳು!

ಬಿಸಿಲಿಗೆ ಬೆಂದು ತಾಮ್ರದ ಬಣ್ಣಕ್ಕೆ ತಿರುಗಿದ ಮುಖ. ಹಗ್ಗ ಎಳೆದೆಳೆದು ಗಟ್ಟಿಯಾದ ತೋಳು. ಒಂದು ಕೈಯಲ್ಲಿ ಸರತಿ ಚೀಟಿ, ಇನ್ನೊಂದರಲ್ಲಿ ಬೂದುಗುಂಬಳದ ಚಹಾ ಕುಡಿದು ಖಾಲಿಮಾಡಿದ ಲೋಟ, ತಳದಲ್ಲಿ ಐಸ್ ತುಂಡುಗಳು. ಇಷ್ಟು ದೊಡ್ಡ ಆಳು, ಮುಖದಲ್ಲಿ ಮಾತ್ರ ಹಲ್ಲು ಕೀಳಿಸಿಕೊಳ್ಳಲು ಬಂದ ಮಗುವಿನ ಭಯ.

"ಏನಾಗುತ್ತೆ ನಿಮಗೆ?" ಅವಳ ದನಿ ತಾನಾಗಿಯೇ ಮೆತ್ತಗಾಯಿತು.

"ಇದ್ದಕ್ಕಿದ್ದಂಗೆ ಎದೆ ಓಡೋಕೆ ಶುರುಮಾಡುತ್ತೆ. ಸ್ವಿಚ್ ಹಾಕಿದ ಹಾಗೆ! ತಲೆ ಸುತ್ತುತ್ತೆ, ಬಾಯಿ ಒಣಗುತ್ತೆ. ಆಮೇಲೆ ಪಟ್ ಅಂತ ನಿಂತೂ ಹೋಗುತ್ತೆ."

"ಈಗ ಓಡ್ತಿದೆಯಾ?"

ಅವನು ಎದೆಯ ಮೇಲೆ ಕೈಯಿಟ್ಟು ನೋಡಿಕೊಂಡ. "ಇಲ್ಲ... ಹೊರಗೆ ಕೂತಿದ್ದಾಗಲೇ ನಿಂತೋಯ್ತು."

ಯಂತ್ರ ಕಾಗದ ಹೊರಚಾಚಿತು. ನಿಮಿಷಕ್ಕೆ ಎಪ್ಪತ್ತೆರಡು ಬಡಿತ. ಪ್ರತಿಯೊಂದು ಎತ್ತರದ ಮೊನೆಗೂ ಮುಂಚೆ ಒಂದು ಪುಟ್ಟ ಉಬ್ಬು, ತಪ್ಪದ ಅಂತರ. ಪಾಠದ ಪುಸ್ತಕಕ್ಕೆ ಹಾಕಿಸಬಹುದಾದಂಥ ಗೆರೆ.

"ನಿಮ್ಮ ಹೃದಯ ನನ್ನದಕ್ಕಿಂತ ಚೆನ್ನಾಗಿದೆ," ಎಂದಳು ಯಿಂಗ್‌ಜು.

ಅವನ ಮುಖ ಬಾಡಿತು. ಚೆನ್ನಾಗಿದೆ ಎಂದರೆ ಬೇಜಾರಾಗುವ ರೋಗಿಯನ್ನು ಅವಳು ನೋಡಿದ್ದು ಅದೇ ಮೊದಲು.

ಚೀಟಿಯಲ್ಲಿ ಹೆಸರಿತ್ತು. ಶ್ಯೂ ಬೋಲಿನ್, ಮೂವತ್ತೊಂದು ವರ್ಷ, ಚೀಜಿನ್ ದ್ವೀಪಕ್ಕೆ ಹೋಗುವ ಲಾಂಚಿನ ಚಾಲಕ. ಆ ಚೀಟಿಯನ್ನು ತಾನು ಯಾಕೆ ಎರಡು ಸಲ ಓದಿದೆ ಎಂದು ಅವಳಿಗೇ ತಿಳಿಯಲಿಲ್ಲ.

ಎರಡು ವಾರಕ್ಕೆ ಅವನು ಮತ್ತೆ ಬಂದ. ಈಗ ಕೈಯಲ್ಲಿ ಎರಡು ಲೋಟ. ಒಂದು ಖಾಲಿ, ಒಂದು ತುಂಬಿದ್ದು.

"ಇದು ನಿಮಗೆ. ಕಾಯ್ತಾ ಕಾಯ್ತಾ ನಂದು ಮುಗಿಸಿಬಿಟ್ಟೆ."

"ಎದೆ?"

"ಲಾಂಚ್ ಇಳಿದಾಗ ಕುದುರೆ ಥರ ಓಡ್ತಿತ್ತು. ಆಣೆ! ಈಗ..." ಪಾಪ, ತಪ್ಪು ಮಾಡಿದವನಂತೆ ತಲೆ ತಗ್ಗಿಸಿದ. "ಈಗ ಇಲ್ಲ."

ಅರವತ್ತೊಂಬತ್ತು. ಸರಿಯಾಗಿದೆ. ಡಾಕ್ಟರ್ ಫಾನ್ ಹೇಳಿದಂತೆ ಇಡೀ ದಿನ ಸೊಂಟಕ್ಕೆ ಕಟ್ಟಿಕೊಂಡು ಬಡಿತ ದಾಖಲಿಸುವ ಪೆಟ್ಟಿಗೆಯನ್ನೂ ಹಾಕಿ ಕಳಿಸಿದರು. ಆ ದಿನ ಅವನ ಹೃದಯ ಮೇಷ್ಟ್ರ ಮುಂದೆ ಕೂತ ಹುಡುಗನ ಹಾಗೆ ಸುಮ್ಮನಿತ್ತು!

ಹಿರಿಯ ನರ್ಸ್ ಮೈಹ್ವಾ ಅಕ್ಕನಿಗೆ ಇಷ್ಟು ಸಾಕಾಯಿತು. "ಲೇ ಯಿಂಗ್‌ಜು, ಅವನ ಹೃದಯ ಸರಿಯಿದೆ ಕಣೇ. ಮನಸ್ಸು ಸರಿಯಿಲ್ಲ! ಚಹಾ ಬೇರೆ ಹೊತ್ತು ತರ್ತಾನೆ. ಇದು ಕಾರ್ಡಿಯಾಲಜಿ ಕೇಸಲ್ಲ, ನಿನ್ನ ಕೇಸು."

"ಸುಮ್ನಿರಕ್ಕಾ!"

ಬಾಯಿ ಹಾಗೆಂದಿತು. ಆದರೆ ಮರುದಿನದಿಂದ ಅವಳು ತುಟಿಗೆ ಬಣ್ಣ ಹಚ್ಚಿಕೊಂಡು ಕೆಲಸಕ್ಕೆ ಬರತೊಡಗಿದಳು. ಮೈಹ್ವಾ ಅಕ್ಕ ನೋಡಿದಳು, ಏನೂ ಹೇಳಲಿಲ್ಲ. ಹೇಳದಿರುವುದು ಇನ್ನೂ ದೊಡ್ಡ ಕೀಟಲೆ.

ಮೂರನೆಯ ಸಲ ಅವನು ಬಂದ ದಿನ ಯಂತ್ರ ಬೆಳಗಿನಿಂದ ಎರಡು ಸಲ ಕೈಕೊಟ್ಟಿತ್ತು. ಹೊರಗೆ ಮುದುಕರೊಬ್ಬರು ಒಂದು ಗಂಟೆಯಿಂದ ಕಾದು ಕೂಗಾಡುತ್ತಿದ್ದರು. ಬೋಲಿನ್‌ನ ಮೂರನೆಯ ಕಾಗದವನ್ನೂ ನೋಡಿ ಡಾಕ್ಟರ್ ಫಾನ್ ಕನ್ನಡಕದ ಮೇಲಿಂದ ಕಣ್ಣುಬಿಟ್ಟರು.

"ಇದೂ ಸರಿಯಾಗಿದೆ. ಯಿಂಗ್‌ಜು, ಇದು ಆಸ್ಪತ್ರೆನೋ, ನಿಮ್ಮಿಬ್ಬರ ಚಹಾ ಅಂಗಡಿನೋ?"

ಸರತಿಯಲ್ಲಿದ್ದವರೆಲ್ಲ ನಕ್ಕರು. ಯಿಂಗ್‌ಜುವಿನ ಕಿವಿ ಕೆಂಪೇರಿತು. ಅವಮಾನವಾದಾಗ ಮನುಷ್ಯರು ಬೈಯುವುದು ಅವಮಾನ ಮಾಡಿದವರನ್ನಲ್ಲ, ಕೈಗೆ ಸಿಕ್ಕವರನ್ನು.

"ಮಿಸ್ಟರ್ ಶ್ಯೂ! ನಿಮಗೆ ಯಾವ ರೋಗವೂ ಇಲ್ಲ. ನಾಟಕ ಆಡೋಕೆ ಬೇರೆ ಜಾಗ ನೋಡ್ಕೊಳ್ಳಿ. ಇಲ್ಲಿ ನಿಜವಾದ ರೋಗಿಗಳು ಕಾಯ್ತಿದ್ದಾರೆ!"

ಅವನು ತುಂಬಿದ ಲೋಟವನ್ನು ಮೇಜಿನ ಮೇಲಿಟ್ಟು, ಅಂಗಿಯ ಗುಂಡಿ ಹಾಕಿಕೊಂಡು, ತಲೆಬಾಗಿ ಹೊರಟುಹೋದ.

'ಹೋಗಲಿ. ಒಳ್ಳೆಯದೇ ಆಯಿತು,' ಅಂದುಕೊಂಡಳು. ಒಳ್ಳೆಯದಾಗಿದ್ದರೆ ಮನೆಗೆ ಹೋಗಿ ಅಷ್ಟೊಂದು ಅತ್ತಿದ್ದು ಯಾಕೆ?

ತಿಂಗಳೊಂದು ಕಳೆಯಿತು. ಒಂದು ಮಧ್ಯಾಹ್ನ ಯಿಂಗ್‌ಜು ಆಸ್ಪತ್ರೆಯ ಗೇಟಿನ ಚಹಾ ಅಂಗಡಿಗೆ ಬಂದಾಗ ಅಲ್ಲಿನ ಅಜ್ಜಿ ಮುಖ ತಿರುಗಿಸಿ ಲೋಟ ಕುಕ್ಕಿದಳು.

"ನೀನೇ ಅಲ್ವಾ ಬೋಲಿನ್‌ಗೆ ನಾಟಕ ಅಂದಿದ್ದು? ಆ ಹುಡುಗ ಚುಕ್ಕಾಣಿ ಬಿಟ್ಟು ಕೂತಿದ್ದಾನೆ, ಗೊತ್ತಾ ನಿಂಗೆ?"

"ಏನಜ್ಜೀ?"

"ಯಾರೂ ಬಿಡಿಸ್ಲಿಲ್ಲ. ಅವನೇ ಹೋಗಿ ಹೇಳ್ದ. 'ಇದು ಬಂದಾಗ ಎರಡು ಕ್ಷಣ ಕಣ್ಣು ಕತ್ತಲೆ ಬರುತ್ತೆ, ಲಾಂಚಲ್ಲಿ ಇನ್ನೂರು ಜನ ಇರ್ತಾರೆ, ರೋಗ ಏನು ಅಂತ ಗೊತ್ತಾಗೋವರೆಗೂ ನಾನು ಚುಕ್ಕಾಣಿ ಮುಟ್ಟಲ್ಲ' ಅಂತ. ನಿಮ್ಮ ಕಾಗದದಲ್ಲಿ ಎಲ್ಲ ಸರಿ ಅಂತಿದೆಯಲ್ಲಪ್ಪ ಅಂದ್ರು ಕಚೇರಿಯವರು. ಒಪ್ಪಲಿಲ್ಲ. ಈ ತಿಂಗಳ ಕೊನೆಯೊಳಗೆ ಪತ್ತೆ ಆಗದಿದ್ರೆ ಆ ಜಾಗಕ್ಕೆ ಬೇರೆಯವರನ್ನ ಹಾಕ್ತಾರಂತೆ."

ಯಿಂಗ್‌ಜು ಎತ್ತಿದ ಲೋಟವನ್ನು ಕೆಳಗಿಟ್ಟಳು. ನಾಟಕ ಆಡುವವನು ತನ್ನ ಅನ್ನ ತಾನೇ ಕಿತ್ತುಕೊಳ್ಳುತ್ತಾನೆಯೇ?

ಅಜ್ಜಿ ಇನ್ನೂ ನಿಲ್ಲಿಸಿರಲಿಲ್ಲ. "ಓಡಿ ಬರ್ತಿದ್ದ ಪಾಪ, ಬೆವತು ನೀರಾಗಿ. ನನ್ನ ಚಹಾ, ಅರ್ಧ ಐಸು, ಒಂದೇ ಉಸಿರಿಗೆ ಗಟಗಟ ಇಳಿಸ್ತಿದ್ದ. ಒಂದು ನಿಮಿಷಕ್ಕೆ ಮುಖದಲ್ಲಿ ಕಳೆ ಬರ್ತಿತ್ತು. ನಿಮ್ಮ ಔಷಧಿಗಿಂತ ನನ್ನ ಚಹಾನೇ ವಾಸಿ!"

ಯಿಂಗ್‌ಜು ನಿಂತಲ್ಲೇ ನಿಂತಳು.

ಮಂಜುಗಡ್ಡೆಯ ನೀರು ಗಂಟಲಿಗೆ ಇಳಿದರೆ ಕೆಲವು ಬಗೆಯ ಓಟ ತಟ್ಟನೆ ನಿಲ್ಲುತ್ತದೆ! ಹೃದಯಕ್ಕೆ ಕಡಿವಾಣ ಹಾಕುವ ನರವೊಂದು ಅದರಿಂದ ಎಚ್ಚರಗೊಳ್ಳುತ್ತದೆ. ಇದು ಅವಳಿಗೆ ಗೊತ್ತಿದ್ದ ಸಂಗತಿಯೇ. ಖಾಲಿ ಲೋಟ ಪ್ರತಿ ಸಲವೂ ಕಣ್ಣ ಮುಂದೆಯೇ ಇತ್ತು. ಅವಳು ನೋಡಿದ್ದು ತುಂಬಿದ ಲೋಟವನ್ನು ಮಾತ್ರ!

"ಅಜ್ಜೀ, ನಿಮ್ಮ ಚಹಾ ನಿಜವಾಗ್ಲೂ ಔಷಧಿ ಕಣಜ್ಜೀ!" ಎಂದವಳೇ ಲಾಂಚ್ ನಿಲ್ಲುವ ದಕ್ಕೆಯ ಕಡೆ ಓಡಿದಳು.

ಬೋಲಿನ್ ಲಾಂಚಿನ ಬಾಯಲ್ಲಿ ಸೀಟಿ ಊದುತ್ತ ಸ್ಕೂಟರುಗಳನ್ನು ಸಾಲಾಗಿ ಒಳಗೆ ಬಿಡುತ್ತಿದ್ದ. ಮೇಲೆ ಚಾಲಕನ ಕೋಣೆಯಲ್ಲಿ ಬೇರೆ ಯಾರೋ ಇದ್ದರು. ಅವಳನ್ನು ಕಂಡು ಅವನ ಸೀಟಿ ಅರ್ಧಕ್ಕೇ ನಿಂತಿತು.

"ಸ್ಕೂಟರ್ ಇಲ್ದವರು ಎಡಗಡೆಯಿಂದ ಹತ್ತಬೇಕು," ಎಂದ, ಮುಖ ನೋಡದೆ.

"ಕ್ಷಮಿಸಿ."

"ಪರವಾಗಿಲ್ಲ, ಎಡಗಡೆ ಹೋಗಿ."

"ಅದಕ್ಕಲ್ಲ! ನಾಟಕ ಅಂದೆನಲ್ಲ, ಅದಕ್ಕೆ ಕ್ಷಮಿಸಿ. ನಿಮಗೆ ರೋಗ ಇದೆ!" ಅವಳ ದನಿಯಲ್ಲಿ ಇದ್ದದ್ದು ಸಂತೋಷ. ಸ್ಕೂಟರಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು.

ಐಸಿನ ವಿಷಯ ಕೇಳಿ ಬೋಲಿನ್ ಹಣೆ ಚಚ್ಚಿಕೊಂಡ. "ಅಂದ್ರೆ... ನಿಮಗೆ ಚಹಾ ತರೋಕೆ ಹೋಗಿ ನಾನೇ ಕೆಡಿಸಿಕೊಂಡೆ?"

"ಇನ್ಮೇಲೆ ಬಂದ್ರೆ ಏನೂ ಕುಡಿಯಬೇಡಿ. ಸರತಿ ಚೀಟಿನೂ ಬೇಡ. ನೇರ ನನಗೆ ಫೋನ್ ಮಾಡಿ. ಕೈ ಕೊಡಿ." ಅವನ ಅಂಗೈ ಮೇಲೆಯೇ ನಂಬರು ಬರೆದಳು.

ತಿಂಗಳು ಮುಗಿಯಲು ಒಂಬತ್ತು ದಿನ ಉಳಿದಿತ್ತು.

ಮೊದಲ ದಿನ ಮೆಸೇಜು: 'ಇವತ್ತು ಬರಲಿಲ್ಲ. ಕ್ಷಮಿಸಿ.' ಮೂರನೆಯ ದಿನ: 'ಐದನೇ ಮಹಡಿಗೆ ಮೆಟ್ಟಿಲು ಹತ್ತಿ ಇಳಿದೆ. ಕಾಲು ನೋವು ಬಂತು, ಇದು ಬರಲಿಲ್ಲ.' ಆರನೆಯ ದಿನ: 'ನಮ್ಮ ಅಕ್ಕನ ಮಕ್ಕಳ ಜೊತೆ ಕುಣಿದೆ. ಅವರಿಗೆ ಖುಷಿಯಾಯಿತು.'

ಯಿಂಗ್‌ಜು ಓದಿ ನಗುತ್ತಿದ್ದಳು, ಆಮೇಲೆ ಕ್ಯಾಲೆಂಡರ್ ನೋಡುತ್ತಿದ್ದಳು. ಪ್ರೀತಿಸುವವನಿಗೆ ರೋಗ ಬರಲಿ ಎಂದು ಹರಕೆ ಹೊತ್ತ ಹೆಣ್ಣು ಇನ್ನೊಬ್ಬಳಿರಲಾರಳು. ಪ್ರೀತಿಸುವವನು... ಆ ಮಾತು ಮನಸ್ಸಿನೊಳಗೆ ಯಾವಾಗ ಬಂದು ಕೂತಿತೋ!

ಎಂಟನೆಯ ದಿನ ಬೆಳಿಗ್ಗೆ ಫೋನ್ ಹೊಡೆದುಕೊಂಡಿತು.

"ಬಂತು!" ಬಸ್ಸು ಬಂತು ಎನ್ನುವವನ ಹಾಗೆ ಕೂಗಿದ ಬೋಲಿನ್. "ಚೀಜಿನ್‌ನಲ್ಲಿದ್ದೆ. ಈಗ ಲಾಂಚಲ್ಲಿ ಕೂತು ದಕ್ಕೆಗೆ ಬರ್ತಿದೀನಿ."

"ಕೂತ್ಕೊಂಡೇ ಇರಿ! ಏಳಬೇಡಿ! ನಾನೇ ಬರ್ತೀನಿ."

ಗಾಲಿಕುರ್ಚಿ ತಳ್ಳಿಕೊಂಡು ಅವಳು ದಕ್ಕೆಗೆ ಓಡಿದಳು. ಅವನ ಮುಖ ಬಿಳುಚಿತ್ತು, ಕತ್ತಿನ ನರ ಪಟಪಟನೆ ಹಾರುತ್ತಿತ್ತು. ಮಣಿಕಟ್ಟು ಹಿಡಿದು ಎಣಿಸಲು ಹೋದಳು, ಎಣಿಕೆಗೆ ಸಿಗಲಿಲ್ಲ.

"ದಾರಿ ಬಿಡಿ! ದಾರಿ!"

ಗೇಟಿನಲ್ಲಿ ಅಜ್ಜಿ ಅಭ್ಯಾಸಬಲದಿಂದ ಲೋಟ ಚಾಚಿದಳು. "ಅಯ್ಯೋ ಮಗನೇ, ತಗೋ, ಒಂದು ಗುಟುಕು..."

"ಬೇಡ!" ಯಿಂಗ್‌ಜು, ಬೋಲಿನ್ ಇಬ್ಬರೂ ಒಟ್ಟಿಗೆ ಕಿರುಚಿದರು.

ಒಳಗೆ ಸರತಿಯಲ್ಲಿದ್ದ ಹೆಂಗಸೊಬ್ಬಳು ತಡೆದಳು. "ರೀ, ಚೀಟಿ ಎಲ್ಲಿ? ನಂದು ಇಪ್ಪತ್ತೆರಡು!"

"ಇವರದ್ದು ನೂರಾ ತೊಂಬತ್ತು ಇರಬೇಕು ಅಮ್ಮಾ!" ಎನ್ನುತ್ತ ಅವಳು ಬಾಗಿಲು ದೂಡಿದಳು.

ಬುಗ್ಗೆಗಳು, ಕ್ಲಿಪ್ಪುಗಳು... ಒಂದೂ ಜಾಗ ತಪ್ಪಲಿಲ್ಲ. ಕಾಗದ ಹೊರಬಂತು. ಕಿರಿದಾದ ಮೊನೆಗಳು ಬಾಚಣಿಗೆಯ ಹಲ್ಲಿನಂತೆ ಒತ್ತೊತ್ತಾಗಿ, ಒಂದೇ ಅಂತರದಲ್ಲಿ. ಮುಂಚಿನ ಪುಟ್ಟ ಉಬ್ಬು ಎಲ್ಲೂ ಕಾಣಲಿಲ್ಲ. ನೂರಾ ತೊಂಬತ್ತೆರಡು!

"ಸಿಕ್ಕಿಬಿಟ್ಟ ಕಳ್ಳ!" ಡಾಕ್ಟರ್ ಫಾನ್ ಕಾಗದವನ್ನು ಲಾಟರಿ ಟಿಕೆಟಿನ ಹಾಗೆ ಎತ್ತಿ ಹಿಡಿದರು. "ಹೃದಯದೊಳಗೆ ಕರೆಂಟು ಹರಿಯೋಕೆ ಒಂದು ಅಡ್ಡದಾರಿ ಇದೆ ಮಗ. ಅಲ್ಲೇ ಗಿರಕಿ ಹೊಡೀತಿದೆ. ನಾನೂ ನಿನ್ನ ನಂಬಿರಲಿಲ್ಲ, ಬೈಕೋ."

ಓಟ ನಿಲ್ಲಿಸಲು ಮೊದಲು ಸೂಜಿ ಇಲ್ಲದ ಸಿರಿಂಜು ಕೊಟ್ಟು ಜೋರಾಗಿ ಊದಿಸಿದರು, ತಕ್ಷಣ ಮಲಗಿಸಿ ಕಾಲೆತ್ತಿ ಹಿಡಿದರು. ನಿಲ್ಲಲಿಲ್ಲ. ಈ ಸಲ ಐಸ್ ನೀರಿಗೂ ಅದು ಬಗ್ಗಲಿಲ್ಲ. ತುರ್ತು ಕೋಣೆಗೆ ಸಾಗಿಸಿ, ಪಕ್ಕದಲ್ಲಿ ಶಾಕ್ ಯಂತ್ರ ಸಿದ್ಧವಿಟ್ಟುಕೊಂಡು, ತೋಳಿಗೆ ಇಂಜೆಕ್ಷನ್ ತಯಾರು ಮಾಡಿದರು.

"ಒಂದೆರಡು ಕ್ಷಣ ಹೃದಯ ಪೂರ್ತಿ ನಿಲ್ಲುತ್ತೆ," ಯಿಂಗ್‌ಜು ಅವನ ಕಿವಿಯ ಬಳಿ ಬಾಗಿದಳು. "ಎದೆ ಮೇಲೆ ಬಂಡೆ ಇಟ್ಟ ಹಾಗಾಗುತ್ತೆ. ಹೆದರಬೇಡಿ. ಮತ್ತೆ ಶುರುವಾಗುತ್ತೆ."

"ಆಗದಿದ್ರೆ?"

"ಆಗ್ಲೇಬೇಕು. ನನ್ನನ್ನ ಬೈಯೋದು ಬಾಕಿ ಇದೆಯಲ್ಲ!"

ಔಷಧಿ ಹೋಯಿತು. ಮೈಹ್ವಾ ಅಕ್ಕ ಹಿಂದೆಯೇ ಸಲೈನ್ ತಳ್ಳಿದಳು.

ಪರದೆಯ ಮೇಲೆ ಗೆರೆ ಮಲಗಿತು.

ಒಂದು ಕ್ಷಣ. ಎರಡು. ಮೂರು...

ನೂರಾರು ಸಲ ಕಂಡ ಗೆರೆಯದು. ಅಷ್ಟು ಸಲವೂ ಅವಳು ಗಡಿಯಾರ ನೋಡಿದ್ದಳು. ಈ ಸಲ ಉಸಿರಾಡುವುದನ್ನೇ ಮರೆತಳು. 'ಬಾ... ದಯವಿಟ್ಟು ಬಾ...'

ಪುಟ್ಟದೊಂದು ಉಬ್ಬು. ಅದರ ಬೆನ್ನಿಗೇ ಎತ್ತರದ ಮೊನೆ. ಮತ್ತೊಂದು. ಮತ್ತೊಂದು.

"ಎಪ್ಪತ್ತೆಂಟು," ಎಂದರು ಡಾಕ್ಟರು. "ಯಿಂಗ್‌ಜು, ಇನ್ನು ಅವನ ಕೈ ಬಿಡಬಹುದು."

ಅವಳು ಬಿಡಲಿಲ್ಲ. ಮೈಹ್ವಾ ಅಕ್ಕ ಗೋಡೆಯ ಕಡೆ ತಿರುಗಿ ನಕ್ಕಳು.

ಆ ಕಾಗದ ಅದೇ ಸಂಜೆ ಲಾಂಚ್ ಕಚೇರಿ ತಲುಪಿತು. ಎರಡು ತಿಂಗಳು ಅವನ ಜಾಗ ಹಾಗೆಯೇ ಇರಲಿ ಎಂದು ಒಪ್ಪಿದರು. ದೊಡ್ಡ ಆಸ್ಪತ್ರೆಯಲ್ಲಿ ತೊಡೆಯ ರಕ್ತನಾಳದಿಂದ ತಂತಿ ತೂರಿಸಿ ಆ ಅಡ್ಡದಾರಿಯನ್ನು ಸುಟ್ಟು ಮುಚ್ಚಿದರು. ಪರೀಕ್ಷೆಗಳೆಲ್ಲ ಮುಗಿದು, ಸಹಿಗಳು ಬಿದ್ದು, ಒಂದು ಶನಿವಾರ ಬೋಲಿನ್ ಮತ್ತೆ ಚುಕ್ಕಾಣಿ ಹಿಡಿದ.

ಆ ಸಂಜೆ ಪಾಳಿ ಮುಗಿಸಿ ಅವನು ಇಳಿದು ಬಂದಾಗ ದಕ್ಕೆಯ ಕಟ್ಟೆಯ ಮೇಲೆ ಯಿಂಗ್‌ಜು ಕಾದಿದ್ದಳು.

"ಅಭಿನಂದನೆ, ಕ್ಯಾಪ್ಟನ್. ಮತ್ತೆ... ಆವತ್ತಿನದಕ್ಕೆ ಇನ್ನೊಂದು ಸಲ ಕ್ಷಮಿಸಿ."

"ಇದು ಹನ್ನೊಂದನೇ ಸಲ." ಬೋಲಿನ್ ಟೋಪಿ ತೆಗೆದು ಕೈಯಲ್ಲಿ ತಿರುಗಿಸತೊಡಗಿದ. "ಇನ್ನು ನನ್ನ ಕೈಲಿ ತಡ್ಕೊಳ್ಳೋಕಾಗಲ್ಲ. ಒಂದು ನಿಜ ಹೇಳಬೇಕು. ಮೊದಲನೇ ಸಲ ಎದೆ ಓಡಿತ್ತು. ಎರಡನೇ ಸಲವೂ ಓಡಿತ್ತು. ಮೂರನೇ ಸಲ..."

"ಮೂರನೇ ಸಲ?"

"ಓಡಿರಲಿಲ್ಲ."

ಯಿಂಗ್‌ಜು ಕಟ್ಟೆಯಿಂದ ಇಳಿದು ನಿಂತಳು. "ಏನು?!"

"ಮೂರು ವಾರ ಕಾದೆ. ಬರಲೇ ಇಲ್ಲ. ಇದು ಓಡೋದು ಯಾವಾಗ, ನಿಮ್ಮನ್ನ ನೋಡೋದು ಯಾವಾಗ ಅಂತ... ಸುಮ್ನೆ ಚೀಟಿ ತಗೊಂಡು ಬಂದುಬಿಟ್ಟೆ."

"ಅಂದ್ರೆ ನಾನು ಬೈದಿದ್ದು ಸರಿ!"

"ಸರಿ."

"ಎಲ್ಲರ ಮುಂದೆ!"

"ಅದೂ ಸರಿ."

"ಮತ್ತೆ ಮನೆಗೆ ಹೋಗಿ ಅತ್ತಿದ್ದು?"

ಅವನ ಕೈಯಲ್ಲಿದ್ದ ಟೋಪಿ ನಿಂತಿತು. "ಅತ್ರಾ?... ಅದು ಮಾತ್ರ ತಪ್ಪು. ಆ ತಪ್ಪು ನಂದು. ಯಿಂಗ್‌ಜು, ನನಗೆ ಈಗ ರೋಗ ಇಲ್ಲ, ಆಸ್ಪತ್ರೆಗೆ ಬರೋಕೆ ನೆಪ ಇಲ್ಲ. ನೆಪ ಇಲ್ಲದೇ ದಿನಾ ನಿಮ್ಮನ್ನ ನೋಡಬೇಕು. ನಂಗೆ ನೀವಂದ್ರೆ ಇಷ್ಟ. ಅಷ್ಟೇ."

ಅವಳು ನಗಬಾರದೆಂದು ತುಟಿ ಕಚ್ಚಿಕೊಂಡಳು. ಕಣ್ಣು ಕೇಳಲಿಲ್ಲ.

"ಮೊದಲು ನನ್ನ ಹನ್ನೊಂದು ಕ್ಷಮೆ ವಾಪಸ್ ಕೊಡಿ."

"ಕೊಡ್ತೀನಿ. ದಿನಕ್ಕೊಂದು. ಸಂಜೆ ಇಲ್ಲಿಗೇ ಬಂದು ತಗೊಳ್ಳಿ."

"ಹನ್ನೆರಡನೇ ದಿನ?"

"ಹೊಸದಾಗಿ ಏನಾದ್ರೂ ತಪ್ಪು ಮಾಡ್ತೀನಿ."

ಯಿಂಗ್‌ಜು ಅವನ ಟೋಪಿ ಕಿತ್ತುಕೊಂಡು ತನ್ನ ತಲೆಗಿಟ್ಟುಕೊಂಡಳು. ಖಾಲಿಯಾದ ಅವನ ಕೈಗೆ ತನ್ನ ಕೈ ಕೊಟ್ಟಳು.

"ಮಾಡು," ಎಂದಳು ಮೆಲ್ಲಗೆ. "ಬೈಯೋಕೆ ನಾನಿದೀನಿ."